ನೀಲಿ ನಿಲುವಂಗಿಯ ಶಾಲೆಯಲ್ಲಿ ಶರತ್ಕಾಲ

ನಮ್ಮಲ್ಲಿ ಶರದೃತು ಬಂದಿತೆಂದರೆ ಮಳೆ ಹಿಂದೆಗೆದು ಆಕಾಶವು ತಿಳಿಯಾಗುವುದು. ನವರಾತ್ರಿಯಲ್ಲಿ ಪುಸ್ತಕಗಳನ್ನು ಸರಸ್ವತಿಯ ಪೂಜೆಗಿಟ್ಟು ಮಕ್ಕಳು ಓದಿನಿಂದ ನಾಲ್ಕು ದಿನ ಬಿಡುವು ಪಡೆಯುವರು. ಇಂಗ್ಲೆಂಡಿನಲ್ಲಿ ಇದೇ ಕಾಲಕ್ಕೆ ವ್ಯವಹಾರವು ತಿರುವುಮುರುವಾಗಿರುವುದು. ಬೇಸಗೆಯ ದೀರ್ಘವಾದ ರಜ ಮುಗಿದು, ಸುಗ್ಗಿಯ ಪೈರು ಕಣಜ ಸೇರಿ, ಮರದ ಎಲೆಗಳು ಹಳದಿಗೆ ತಿರುಗುವ ಹೊತ್ತಿಗೆ ಅಲ್ಲಿನ ಶಾಲೆಗಳು ಬಾಗಿಲು ತೆರೆಯುವುವು. ಸೆಪ್ಟೆಂಬರ್ 29ನೆಯ ದಿನ ಮೈಕೇಲನೆಂಬ ದೇವದೂತನ ಹಬ್ಬ. ಆದುದರಿಂದ ಹಳೆಯ ಶಾಲೆಗಳಲ್ಲಿ ವರ್ಷದ ಈ ಮೊದಲ ಅವಧಿಗೆ ಮೈಕೆಲ್ಮಸ್ ಅವಧಿಯೆಂದು ಹೆಸರು. ಹೊಸ ಹುಡುಗನು ಮೊದಲ ಸಲ ಮನೆಯನ್ನು ಅಗಲುವುದೂ, ಹಳೆಯ ಹುಡುಗನು ಮೇಲಿನ ತರಗತಿಯ ಹೊಣೆಯನ್ನು ಹೊರುವುದೂ ಈ ದಿನಗಳಲ್ಲಿಯೇ. ಒಂದು ಶಾಲೆಯು ನಿಜವಾಗಿ ಎಂತಹುದೆಂದು ತಿಳಿಯಬೇಕಾದರೆ ಪರೀಕ್ಷೆಯ ಕಾಲಕ್ಕಿಂತ ಈ ಕಾಲದಲ್ಲಿ ಅದನ್ನು ನೋಡುವುದು ಲೇಸು. ಅಂತಹ ಒಂದು ಶಾಲೆಯ ವಿಚಾರವನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಅದರ ಹೆಸರು ಕ್ರೈಸ್ಟ್ಸ್ ಹಾಸ್ಪಿಟಲ್.

ಹಾಸ್ಪಿಟಲ್ ಎಂದರೆ ಇಲ್ಲಿ ವೈದ್ಯಶಾಲೆಯೆಂದು ತಿಳಿಯಬಾರದು. ದಿಕ್ಕಿಲ್ಲದವರಿಗೆ ಅನ್ನವನ್ನೂ ನೆಳಲನ್ನೂ ಕೊಡುವ ಸ್ಥಳವೆಂದು ಆ ಶಬ್ದದ ಹಳೆಯ ಅರ್ಥ. ಎಂಟನೆಯ ಹೆನ್ರಿಯು ಸಂನ್ಯಾಸಿಗಳ ಮಠಗಳನ್ನು ಮುಚ್ಚಿಸಿದ ತರುವಾಯ ಲಂಡನ್ ನಗರದ ಬಡವರಿಗಿದ್ದ ಆಸರೆಗಳಲ್ಲಿ ಬಹಳಷ್ಟು ಇಲ್ಲದೆಹೋದುವು. ಅವನ ಮಗನಾದ ಆರನೆಯ ಎಡ್ವರ್ಡನು ಬಾಲಕನಾಗಿಯೇ ದೊರೆಯಾದನು. ಬಡವರ ಕಷ್ಟವನ್ನು ಕುರಿತು ಬಿಷಪ್ ರಿಡ್ಲಿಯು ಮಾಡಿದ ಉಪದೇಶವು ಅವನ ಮನಸ್ಸನ್ನು ನಾಟಿತು. ನಗರದ ಮೇಯರನೂ ಪೌರರೂ ಹಣ ಕೂಡಿಸಿದರು. ಬರಿದಾಗಿದ್ದ ಗ್ರೇ ಫ್ರಯರ್ಸ್ ಮಠದ ಕಟ್ಟಡಗಳಲ್ಲಿ 1552ರ ನವೆಂಬರ್ ತಿಂಗಳಲ್ಲಿ ಅನಾಥರೂ ಬಡವರೂ ಆದ ಮಕ್ಕಳನ್ನು ಸೇರಿಸಿಕೊಂಡರು. ಮರುವರ್ಷ ಜೂನ್ ತಿಂಗಳಲ್ಲಿ ದೊರೆಯು ಸನ್ನದು ದಯಪಾಲಿಸಿದನು. ಜುಲೈ 6ರಂದು ತೀರಿಕೊಂಡನು. ಆಗ ಅವನಿಗೆ ಹದಿನೈದು ವರ್ಷ. ಮಕ್ಕಳಿಗಾಗಿ ಸ್ಥಾಪಿತವಾದ ಈ ಶಾಲೆಗೆ ಸನ್ನದನ್ನು ಕೊಟ್ಟವನೂ ಒಬ್ಬ ಹುಡುಗನೇ ಎಂಬುದನ್ನು ಮರೆಯಲಾಗದು.

ಅಂದು ಮಕ್ಕಳಿಗೆ ಗೊತ್ತುಮಾಡಿದ ಉಡುಪು ಮುಖ್ಯವಾಗಿ ಇಂದಿಗೂ ಉಳಿದಿದೆ: ಕಾಲಿನವರೆಗೆ ಇಳಿಯುವ ನೀಲಿ ನಿಲುವಂಗಿ, ಸೊಂಟಕ್ಕೆ ತೊಗಲಿನ ಪಟ್ಟಿ, ಹಳದಿ ಕಾಲುಚೀಲ, ಕೊರಳಲ್ಲಿ ಬಿಳಿಯ ಪಟ್ಟಿ. ಇದರಿಂದಲೇ ಅದಕ್ಕೆ ಜನರು ಇಟ್ಟ ಹೆಸರು ನೀಲಿ ಅಂಗಿಯ ಶಾಲೆ. ಉಡುಪನ್ನು ಶಾಲೆಯೇ ಕೊಡುವುದು. ಮೊದಲಿಗೆ ಅದು ದಾನದ ಗುರುತು. ಬೀದಿಯಲ್ಲಿ ನೋಡಿದವರಿಗೆ ಇವನು ಧರ್ಮಾರ್ಥವಾಗಿ ಓದುವ ಹುಡುಗನೆಂದು ತಿಳಿಯಬೇಕಾಗಿತ್ತು. ಆದರೆ ಎಲ್ಲರೂ ಒಂದೇ ಅಂಗಿಯನ್ನು ತೊಟ್ಟಮೇಲೆ ಒಳಗಿನ ಬಡತನ ಸಿರಿತನಗಳ ಭೇದವು ಮರೆಯಾಗುವುದು. ಸುಮಾರು ಹದಿನೈದು ವರ್ಷಗಳ ಹಿಂದೆ, ಈ ವೇಷವನ್ನು ಬಿಡೋಣವೇ ಎಂದು ಶಾಲೆಯವರು ಮಕ್ಕಳನ್ನೇ ಕೇಳಿದಾಗ, ಬಹುತೇಕ ಎಲ್ಲರೂ ಬೇಡವೆಂದರು. ಹಂಗಿನ ಗುರುತಾಗಿದ್ದುದು ಅಭಿಮಾನದ ಗುರುತಾಗಿ ಮಾರ್ಪಟ್ಟಿತು.

ಶರತ್ಕಾಲದ ಮೊದಲ ಸಂಭ್ರಮವು ಸಂತ ಮ್ಯಾಥ್ಯೂವಿನ ದಿನ, ಸೆಪ್ಟೆಂಬರ್ 21ರ ಸುಮಾರಿಗೆ ಬರುವುದು. ಮಕ್ಕಳು ವಾದ್ಯದವರನ್ನು ಮುಂದಿಟ್ಟುಕೊಂಡು ಲಂಡನ್ನಿನ ಬೀದಿಗಳಲ್ಲಿ ಸಾಲಾಗಿ ನಡೆದು, ದೇವಾಲಯದಲ್ಲಿ ಪ್ರಾರ್ಥನೆ ಮುಗಿಸಿ, ನಗರದ ಮೇಯರನಿಂದ ಟಂಕಸಾಲೆಯಲ್ಲಿ ಹೊಸದಾಗಿ ಅಚ್ಚೊತ್ತಿದ ನಾಣ್ಯಗಳನ್ನು ಕಾಣಿಕೆಯಾಗಿ ಪಡೆಯುವುದು ಹಳೆಯ ಪದ್ಧತಿ. ಹಿಂದಿನ ಕಾಲದಲ್ಲಿ ಅಂದೇ ಮೇಲಿನ ತರಗತಿಯ ಹುಡುಗರು ಹಿರಿಯರ ಸಭೆಯಲ್ಲಿ ಭಾಷಣ ಮಾಡುತ್ತಿದ್ದರು. ಮ್ಯಾಥ್ಯೂ ಸುಂಕದ ಕಟ್ಟೆಯಲ್ಲಿ ಲೆಕ್ಕ ಬರೆಯುತ್ತಿದ್ದವನು. ಕರೆ ಬಂದೊಡನೆ ಲೆಕ್ಕವನ್ನು ಬಿಟ್ಟು ಎದ್ದುಹೋದನೆಂದು ಬೈಬಲ್ ಹೇಳುವುದು. ವರ್ತಕರ ನಗರವು ತಾನು ಸಾಕಿದ ಮಕ್ಕಳನ್ನು ವರ್ಷಕ್ಕೊಮ್ಮೆ ಕಣ್ಣಾರೆ ನೋಡಲು ಅವನ ದಿನವನ್ನು ಬಿಟ್ಟು ಬೇರೆ ಯಾವ ದಿನ ತಾನೇ ತಕ್ಕದು!

ಶ್ರೋತೃಗಳಲ್ಲಿ ಅನೇಕರು ಕಾಲೇಜಿನ ದಿನಗಳಲ್ಲಿ ಚಾರ್ಲ್ಸ್ ಲ್ಯಾಂಬನ ಪ್ರಬಂಧಗಳನ್ನೂ ಕೋಲ್‌ರಿಜ್ಜನ ಕವಿತೆಗಳನ್ನೂ ಓದಿರುವರು. ಈ ಇಬ್ಬರೂ ಲಂಡನ್ನಿನ ಆ ಶಾಲೆಗೆ ಬಂದುದು 1782ನೆಯ ಇಸವಿಯ ಒಂದೇ ಶರತ್ಕಾಲದಲ್ಲಿ. ಕೋಲ್‌ರಿಜ್ಜನು ದೂರದ ಡೆವನ್ ಪ್ರಾಂತದವನು, ಪಾದ್ರಿಯೊಬ್ಬನ ಕೊನೆಯ ಮಗ. ಹಿಂದಿನ ವರ್ಷ ಅಕ್ಟೋಬರಿನಲ್ಲಿ ತಂದೆ ತೀರಿಕೊಂಡಿದ್ದನು. ಹತ್ತು ವರ್ಷ ತುಂಬುವುದಕ್ಕೆ ಮೊದಲೇ ಹುಡುಗನು ಆ ಹಳೆಯ ಮಠದ ಕಲ್ಲುಗೋಡೆಗಳ ನಡುವೆ ಬಂದು ಬಿದ್ದನು. ಲ್ಯಾಂಬನಿಗೆ ಏಳು ವರ್ಷ. ಆದರೆ ಅವನ ಮನೆ ಲಂಡನ್ನಿನಲ್ಲಿಯೇ, ನಡೆದು ಹೋಗುವಷ್ಟು ಹತ್ತಿರದಲ್ಲಿತ್ತು.

ಅಂಗಿ ಒಂದೇ ಆದರೂ ಇಬ್ಬರ ಬಾಳೂ ಒಂದೇ ಆಗಿರಲಿಲ್ಲ. ಶಾಲೆಯ ಊಟವು ಅಲ್ಪ: ನೀರಾದ ಗಂಜಿ, ಸಪ್ಪೆ ರೊಟ್ಟಿ, ಹೆಚ್ಚು ರುಚಿಯಿಲ್ಲದ ಮಾಂಸ. ಲ್ಯಾಂಬನಿಗೆ ವೃದ್ಧಳಾದ ಸೋದರತ್ತೆಯೊಬ್ಬಳು ಮನೆಯಿಂದ ಬಿಸಿಯಾದ ತಿಂಡಿಯನ್ನು ತಂದು, ಮೊಗಸಾಲೆಯ ಒಂದು ಮೂಲೆಯಲ್ಲಿ ಕಲ್ಲಿನ ಮೇಲೆ ಕುಳಿತು ಬಡಿಸುವಳು. ಹಸಿವು ಒಂದು ಕಡೆ. ಅತ್ತೆಯ ಬಡತನವನ್ನು ಇತರರು ನೋಡುವರೆಂಬ ನಾಚಿಕೆ ಒಂದು ಕಡೆ. ಸುತ್ತಲೂ ನಿಂತ ಹಸಿದ ಕಣ್ಣುಗಳಿಗೆ ಹಂಚಲು ಸಾಲದಲ್ಲಾ ಎಂಬ ಸಂಕಟ ಇನ್ನೊಂದು ಕಡೆ. ಮೂವತ್ತೆಂಟು ವರ್ಷಗಳ ಮೇಲೆ, 1820ರಲ್ಲಿ, ಶಾಲೆಯ ನೆನಪುಗಳನ್ನು ಕುರಿತ ಪ್ರಬಂಧವನ್ನು ಬರೆಯುವಾಗ ಲ್ಯಾಂಬನು ತನ್ನ ಹೆಸರಿನಲ್ಲಿ ಮಾತನಾಡದೆ, ಮನೆಯವರಿಂದ ದೂರನಾದ ಕೋಲ್‌ರಿಜ್ಜನಂತಹ ಹುಡುಗನ ಬಾಯಲ್ಲಿ ಕಥೆ ಹೇಳಿಸಿದನು. ತನಗಿದ್ದ ಭಾಗ್ಯವು ಇಲ್ಲದವನ ಕಣ್ಣಿಗೆ ಹೇಗೆ ಕಂಡಿತೋ ಎಂದು ಅವನು ನೋಡಿದನು. ರಜದ ದಿನ ಎಲ್ಲರನ್ನೂ ಹೊರಗೆ ಕಳುಹಿಸುವರು. ನೆಂಟರಿಲ್ಲದ ಹುಡುಗನು ಬೀದಿಯಲ್ಲಿ ಅಲೆದು ಅಲೆದು, ಚಳಿಯಲ್ಲಿ ಅಂಗಡಿಗಳ ಕಿಟಕಿಗಳನ್ನು ನೋಡುತ್ತ ಹೊತ್ತು ಕಳೆಯುವನು. ತರಗತಿಯ ಬಾಗಿಲು ಸ್ವಲ್ಪ ತೆರೆದರೂ ಊರಿನಿಂದ ಯಾರಾದರೂ ಬಂದರೇ ಎಂದು ಎದೆ ಹಾರುತ್ತಿದ್ದುದನ್ನು ಕೋಲ್‌ರಿಜ್ಜನು ಮುಂದೆ 1798ರಲ್ಲಿ ಕವಿತೆಯೊಂದರಲ್ಲಿ ಹೇಳಿಕೊಂಡಿದ್ದಾನೆ.

ಇನ್ನು ಪಾಠದ ಮಾತು. ಮೇಲಿನ ಶಾಲೆಯ ಉಪಾಧ್ಯಾಯನು ಜೇಮ್ಸ್ ಬೋಯರನು. ಬೆತ್ತವನ್ನು ಕೈಯಿಂದ ಇಳಿಸದವನು. ಅವನ ಕ್ರೌರ್ಯವನ್ನು ಶಿಷ್ಯರು ಮುಪ್ಪಿನವರೆಗೂ ಮರೆಯಲಿಲ್ಲ. ಆದರೂ ಕೋಲ್‌ರಿಜ್ಜನು 1817ರಲ್ಲಿ ಅವನಿಗೆ ಋಣವನ್ನು ಒಪ್ಪಿಸಿದ್ದಾನೆ. ಗ್ರೀಕ್ ನಾಟಕಗಳನ್ನೂ ಷೇಕ್ಸ್‌ಪಿಯರನನ್ನೂ ಜೊತೆಗಿಟ್ಟು ಓದಿಸಿ, ಕಾವ್ಯದಲ್ಲಿಯೂ ಶಾಸ್ತ್ರದಲ್ಲಿರುವಷ್ಟೇ ಕಟ್ಟುನಿಟ್ಟಾದ ತರ್ಕ ಉಂಟೆಂದು ತೋರಿಸಿದವನು ಅವನೇ. ಹುಡುಗರು ಪದ್ಯದಲ್ಲಿ ಎರವಲು ಅಲಂಕಾರಗಳನ್ನು ತುಂಬಿದರೆ ಅವುಗಳಿಗೆ ಮನೆಮಾತಿನ ಹೆಸರನ್ನಿಟ್ಟು ಹಾಸ್ಯ ಮಾಡುತ್ತಿದ್ದನು. ಗ್ರೀಕ್ ಭಾಷೆಯಲ್ಲಿ ಪಳಗಿ ವಿಶ್ವವಿದ್ಯಾನಿಲಯಕ್ಕೆ ಹೋಗಲು ಸಿದ್ಧರಾಗುವ ಕೆಲವರಿಗೆ ಗ್ರೀಸಿಯನ್ ಎಂಬ ಬಿರುದು. ಚಿಕ್ಕವರಿಗೆ ಅವರು ದೊರೆಗಳ ಸಮಾನ. ಅವರಲ್ಲೊಬ್ಬನಾದ ಮಿಡಲ್‌ಟನ್ ಎಂಬ ಹುಡುಗನು, ಆಟದ ಹೊತ್ತಿನಲ್ಲಿ ಮೂಲೆಯಲ್ಲಿ ಕುಳಿತು ವರ್ಜಿಲನನ್ನು ಓದುತ್ತಿದ್ದ ಕೋಲ್‌ರಿಜ್ಜನನ್ನು ಕಂಡು, ಪಾಠವೋ ಎಂದು ಕೇಳಿದನಂತೆ. ಅಲ್ಲ, ಸಂತೋಷಕ್ಕಾಗಿ ಎಂದು ಉತ್ತರ ಬಂದಿತು. ಅವನು ಅದನ್ನು ಬೋಯರನಿಗೆ ತಿಳಿಸಿದನು. ಅಲ್ಲಿಂದ ಮುಂದೆ ಆ ಅನಾಥ ಬಾಲಕನ ಮೇಲೆ ಗುರುವಿನ ಕಣ್ಣು ಬಿದ್ದಿತು. ಹಿರಿಯ ಹುಡುಗನ ಒಂದು ಮಾತು ಇಲ್ಲದೆ ಇದ್ದಿದ್ದರೆ ಏನಾಗುತ್ತಿತ್ತೋ ಹೇಳಲಾಗದು.

ಆದರೆ ಕೂಡಿ ಬಾಳುವ ಮಕ್ಕಳಲ್ಲಿ ಕರುಣೆ ಇರುವಂತೆಯೇ ಕಾಠಿನ್ಯವೂ ಇರುವುದು. ಲ್ಯಾಂಬನು ಹೇಳುವ ಒಂದು ಕಥೆಯನ್ನು ನಾನು ಇಲ್ಲಿ ಹೇಳಲೇಬೇಕು. ಊಟದಲ್ಲಿ ಬರುವ ಬೇಯಿಸಿದ ಮಾಂಸದ ಕೊಬ್ಬನ್ನು ಹುಡುಗರು ಹೇಸಿಗೆಯೆಂದು ಬಿಡುತ್ತಿದ್ದರು. ಅದನ್ನು ತಿನ್ನುವವನು ಅವರ ಕಣ್ಣಿಗೆ ಪಿಶಾಚಿಯಂತೆ. ಒಬ್ಬ ಹುಡುಗನು ಊಟವಾದ ಮೇಲೆ ಮೇಜಿನ ಮೇಲೆ ಉಳಿದ ಈ ಚೂರುಗಳನ್ನು ಆರಿಸಿಕೊಂಡು ತನ್ನ ಹಾಸಿಗೆಯ ಬಳಿ ಬಚ್ಚಿಡುತ್ತಿದ್ದನು. ತಿನ್ನುವುದನ್ನು ಯಾರೂ ಕಾಣರು. ರಾತ್ರಿ ಕದ್ದು ತಿನ್ನುವನೆಂದು ಸುದ್ದಿ ಹಬ್ಬಿತು. ರಜದ ದಿನ ಅವನು ಒಂದು ವಸ್ತ್ರದಲ್ಲಿ ಏನನ್ನೋ ಕಟ್ಟಿಕೊಂಡು ಹೊರಗೆ ಹೋದುದನ್ನು ಕಂಡರು. ಭಿಕ್ಷುಕರಿಗೆ ಮಾರುವನೆಂದು ಅಪವಾದ ಹೊರಿಸಿದರು. ಅವನೊಡನೆ ಮಾತಿಲ್ಲ, ಆಟವಿಲ್ಲ, ಪೂರ್ತಿಯಾಗಿ ಬಹಿಷ್ಕಾರ. ಕೊನೆಗೆ ಇಬ್ಬರು ಹಿಂಬಾಲಿಸಿ ನೋಡಿದರು. ಪಾಳುಬಿದ್ದಂತಿದ್ದ ದೊಡ್ಡ ಮನೆಯೊಂದರ ನಾಲ್ಕು ಅಂತಸ್ತುಗಳನ್ನು ಅವನು ಹತ್ತಿದನು. ಹರಕು ಬಟ್ಟೆಯ ಮುದುಕಿಯೊಬ್ಬಳು ಬಾಗಿಲು ತೆರೆದಳು. ಅಪರಾಧಿ ಸಿಕ್ಕಿಬಿದ್ದನೆಂದು ಅವರು ಹಿಗ್ಗಿ ದೂರು ಕೊಟ್ಟರು.

ಶಾಲೆಯ ಮೇಲ್ವಿಚಾರಕನಾದ ಹ್ಯಾಥವೇ ಎಂಬುವನು ದುಡುಕದೆ ಸಂಗತಿಯನ್ನು ವಿಚಾರಿಸಿದನು. ಆ ಮನೆಯಲ್ಲಿದ್ದವರು ಹುಡುಗನ ತಂದೆತಾಯಿಗಳು. ಮಾನವಾಗಿ ಬದುಕಿ ಈಗ ಗತಿಗೆಟ್ಟವರು. ಮಗನು ತರುತ್ತಿದ್ದ ಆ ಚೂರುಗಳೇ ಅವರನ್ನು ಭಿಕ್ಷೆಯಿಂದ ಉಳಿಸಿದ್ದುವು. ಎಲ್ಲರೂ ಛೀ ಎಂದರೂ ಹುಡುಗನು ಹೆತ್ತವರ ಮಾನಕ್ಕಾಗಿ ಬಾಯಿ ಬಿಡಲಿಲ್ಲ. ಶಾಲೆಯ ಆಡಳಿತದವರು ಆ ಸಂಸಾರಕ್ಕೆ ಸಹಾಯ ಮಾಡಿ, ಹುಡುಗನಿಗೆ ಬೆಳ್ಳಿಯ ಪದಕವನ್ನು ಕೊಟ್ಟರು. ಪದಕವನ್ನು ಕೊಡುವಾಗ, ವಿಚಾರಿಸದೆ ತೀರ್ಪು ಹೇಳುವುದರ ಪಾಪವನ್ನು ಹ್ಯಾಥವೇಯು ಎಲ್ಲ ಮಕ್ಕಳಿಗೂ ತಿಳಿಯಹೇಳಿದನು. ವರ್ಜಿಲನ ಪಂಕ್ತಿಗಳನ್ನು ಎಷ್ಟು ಮಂದಿ ನೆನಪಿನಲ್ಲಿಟ್ಟರೋ ತಿಳಿಯದು. ಈ ಪಾಠವನ್ನು ಮಾತ್ರ ಲ್ಯಾಂಬನು ಮರೆಯಲಿಲ್ಲ.

ನನಗೆ ತೋರುವುದು ಇಷ್ಟೆ. ಅನಾಥರನ್ನು ಒಂದೆಡೆ ಕೂಡಿಸಿ ಅನ್ನ ಹಾಕುವುದು ಧರ್ಮ; ಅವರಿಗೆ ಗ್ರೀಕ್ ಲ್ಯಾಟಿನ್‌ಗಳಂತಹ ಉತ್ತಮ ವಿದ್ಯೆಯನ್ನು ಕೊಡುವುದು ಅದಕ್ಕಿಂತ ದೊಡ್ಡ ಧರ್ಮ. ಬಡವನ ಮಗನಿಗೆ ಕೈಕಸುಬು ಸಾಕು ಎನ್ನದೆ ಹೋಮರನನ್ನು ಕಲಿಸಿದುದು ಆ ಶಾಲೆಯ ಹಿರಿಮೆ. ಆದರೆ ಇವೆರಡೂ ಇದ್ದು, ಪಕ್ಕದವನ ತಟ್ಟೆಯನ್ನು ನೋಡುವ ಕಣ್ಣು ಸರಿಯಿಲ್ಲದಿದ್ದರೆ, ಒಂದೇ ಅಂಗಿಯ ಒಳಗೆ ಮತ್ತೆ ಜಾತಿಭ್ರಷ್ಟರು ಹುಟ್ಟುವರು. ಬೋಯರನ ವಿದ್ಯೆಯೂ ಹ್ಯಾಥವೇಯ ವಿವೇಕವೂ ಒಂದೇ ಮಾಡಿನ ಕೆಳಗೆ ದೊರೆತುದರಿಂದ ಅದು ಶಾಲೆಯಾಯಿತು.

1902ರಲ್ಲಿ ಶಾಲೆಯು ಲಂಡನ್ನಿನ ಹೊಗೆಯನ್ನು ಬಿಟ್ಟು ಸಸೆಕ್ಸ್ ಪ್ರಾಂತದ ಹಾರ್ಷಮಿನ ಬಯಲಿಗೆ ಹೋಯಿತು. ಹರ್ಟ್‌ಫರ್ಡಿನಲ್ಲಿ ಬೇರೆಯಾಗಿ ಓದುತ್ತಿದ್ದ ಹೆಣ್ಣುಮಕ್ಕಳು 1985ರಲ್ಲಿ ಅಲ್ಲಿಗೇ ಬಂದು ಸೇರಿದರು. ಈಗ ಬೆತ್ತವಿಲ್ಲ, ಹಸಿವಿಲ್ಲ. ಶುಲ್ಕವನ್ನು ಮನೆಯವರ ವರಮಾನ ನೋಡಿ ಗೊತ್ತುಮಾಡುವರು. ಇದರಿಂದ ಅನುಕೂಲ ಪಡೆಯುವ ಮಕ್ಕಳು ಅನೇಕರು. ಮಧ್ಯಾಹ್ನ ವಾದ್ಯ ಮೊಳಗಿದೊಡನೆ ಮಕ್ಕಳು ಸಾಲುಗಟ್ಟಿ ನಡೆದು ಭೋಜನಶಾಲೆಯನ್ನು ಸೇರುವರು. ನವೆಂಬರ್ ಬಂದಿತೆಂದರೆ ಯುದ್ಧಗಳಲ್ಲಿ ಮಡಿದ ಹಳೆಯ ವಿದ್ಯಾರ್ಥಿಗಳ ನೆನಪು. ಮೊದಲನೆಯ ಮಹಾಯುದ್ಧದಿಂದ ಬದುಕಿ ಬಂದು ಅದನ್ನು ಬರೆದ ಕವಿ ಎಡ್ಮಂಡ್ ಬ್ಲಂಡನ್ನನು ಇಲ್ಲಿ ಓದಿದವನು. 1944ರ ಜೂನ್ ತಿಂಗಳಲ್ಲಿ ನಾರ್ಮಂಡಿಯಲ್ಲಿ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಮಡಿದ ಕವಿ ಕೀತ್ ಡಗ್ಲಸ್ಸನೂ ಇಲ್ಲಿಯವನೇ.

ಈ ಶಾಲೆಗೂ ನಮ್ಮ ದೇಶಕ್ಕೂ ಸಂಬಂಧವಿಲ್ಲದೆ ಇಲ್ಲ. ಮೂಲೆಯಲ್ಲಿ ಓದುತ್ತಿದ್ದವನನ್ನು ಗುರುವಿಗೆ ತೋರಿಸಿಕೊಟ್ಟ ಮಿಡಲ್‌ಟನ್ನನು 1814ರಲ್ಲಿ ಕಲ್ಕತ್ತೆಯ ಮೊದಲ ಬಿಷಪ್ಪನಾಗಿ ಬಂದು, 1822ರಲ್ಲಿ ಅಲ್ಲಿಯೇ ತೀರಿಕೊಂಡನು. 1860ರ ದಶಕದಲ್ಲಿ ಇಂಡಿಯ ಸರ್ಕಾರದ ನ್ಯಾಯಸದಸ್ಯನಾಗಿದ್ದ ಸರ್ ಹೆನ್ರಿ ಮೇನನೂ ನೀಲಿ ಅಂಗಿಯನ್ನು ತೊಟ್ಟವನೇ. ಲ್ಯಾಂಬನಂತೂ ಮಾತು ತೊದಲುತ್ತಿದ್ದುದರಿಂದ ಗ್ರೀಸಿಯನ್ ಆಗಲಾರದೆ, 1792ರಿಂದ 1825ರವರೆಗೆ ಈಸ್ಟ್ ಇಂಡಿಯಾ ಕಂಪೆನಿಯ ಲಂಡನ್ ಕಚೇರಿಯಲ್ಲಿ ಗುಮಾಸ್ತೆಯಾಗಿ ಲೆಕ್ಕ ಬರೆದನು. ಆ ಲೆಕ್ಕದ ಪುಸ್ತಕಗಳ ನಡುವೆ ಅವನ ನೆನಪಿನಲ್ಲಿ ಉಳಿದವರು ಮೊಗಸಾಲೆಯಲ್ಲಿ ಕಾದಿದ್ದ ಸೋದರತ್ತೆ, ಹೋಗಲು ಮನೆಯಿಲ್ಲದೆ ಬೀದಿಯಲ್ಲಿ ಅಲೆದ ಗೆಳೆಯ, ಚೂರುಗಳನ್ನು ಕಟ್ಟಿಕೊಂಡು ನಾಲ್ಕು ಅಂತಸ್ತು ಹತ್ತಿದ ಹುಡುಗ.

ನಮ್ಮ ಊರುಗಳಲ್ಲಿಯೂ ವಿದ್ಯಾರ್ಥಿನಿಲಯಗಳುಂಟು, ಅನಾಥಾಲಯಗಳುಂಟು. ಶಾಲೆ ತೆರೆದ ಮೊದಲ ವಾರದಲ್ಲಿ ಅಲ್ಲಿನ ಬಾಗಿಲ ಬಳಿ ಟ್ರಂಕನ್ನು ಹಿಡಿದು ನಿಂತ ಹೊಸ ಹುಡುಗನು ನಿಮ್ಮ ಕಣ್ಣಿಗೆ ಬಿದ್ದರೆ, ಯಾವ ತರಗತಿಯೆಂದು ಕೇಳುವುದಕ್ಕೆ ಮೊದಲು, ಊಟವಾಯಿತೇ ಮಗು ಎಂದು ಕೇಳಿರಿ.