ಶಿಶುಪಾಲನವೂ ಲಿಂಗಪೂಜೆಯೂ

(ಮಠದ ಮಹೋತ್ಸವದಲ್ಲಿ ನಡೆದ ಉಪನ್ಯಾಸದ ಪಾಠ)



ಲಿಂಗವಂತ ಗೃಹಸ್ಥನ ಮನೆಯಲ್ಲಿ ಶಿಶುವು ಜನಿಸಿತೆಂದರೆ ಗುರುವು ಬಿಜಯಮಾಡಿ ಅದಕ್ಕೆ ಲಿಂಗಧಾರಣೆಯನ್ನು ಮಾಡುವುದು ಪೂರ್ವಿಕರಿಂದ ನಡೆದುಬಂದ ಸಂಪ್ರದಾಯವು. ಹಿರಿಯರು ಈ ಸಂಸ್ಕಾರವನ್ನು ಇಷ್ಟು ಎಳೆತನದಲ್ಲಿಯೇ ಏಕೆ ವಿಧಿಸಿದರು? ಶಿಶುವಿಗೆ ಮಂತ್ರದ ಅರ್ಥವು ತಿಳಿಯದು, ಪೂಜೆಯ ಕ್ರಮವೂ ತಿಳಿಯದು. ಆದುದರಿಂದ ಈ ಸಂಸ್ಕಾರದ ಉಪದೇಶವು ಶಿಶುವಿಗಿಂತಲೂ ಅದನ್ನು ಎತ್ತಿಕೊಂಡವರಿಗೆ ಹೆಚ್ಚಾಗಿ ಸಲ್ಲುವುದೆಂದು ಭಾವಿಸಬೇಕು. ಲಿಂಗವನ್ನು ಧರಿಸಿದ ದೇಹವು ದೇವಾಲಯವೆಂಬುದು ಶರಣರ ಸಿದ್ಧಾಂತವಷ್ಟೆ? ಆ ದೇವಾಲಯವು ಒಂದು ಮೊಳದಷ್ಟಿದ್ದರೂ ದೇವಾಲಯವೇ. ಅದಕ್ಕೆ ಉಣಿಸುವುದು, ಮೀಯಿಸುವುದು, ಮಲಗಿಸುವುದು, ನುಡಿಸುವುದು ಇವೆಲ್ಲವೂ ಪೂಜೆಯ ಅಂಗಗಳೇ ಆಗುವುವು.

ಈ ತತ್ತ್ವವನ್ನು ಬಾಯಿಂದ ಒಪ್ಪುವವರು ಬಹುಮಂದಿ. ನಡೆಯಲ್ಲಿ ಮರೆಯುವವರೂ ಬಹುಮಂದಿ. ಒಂದು ಮನೆಯ ಬೆಳಗನ್ನು ಕಲ್ಪಿಸಿಕೊಳ್ಳಬಹುದು. ಯಜಮಾನನು ಮಿಂದು, ವಿಭೂತಿಯನ್ನು ಧರಿಸಿ, ಅಂಗೈಯಲ್ಲಿ ಲಿಂಗವನ್ನಿಟ್ಟು ಪೂಜೆಗೆ ಕುಳಿತಿರುವನು. ಮೂರು ವರ್ಷದ ಮಗುವು ತಂದೆಯು ಮಾಡುವುದನ್ನು ತಾನೂ ಮಾಡಬೇಕೆಂಬ ಆಸೆಯಿಂದ ಬಂದು, ತಂಬಿಗೆಯನ್ನು ಎತ್ತಹೋಗಿ ನೀರನ್ನು ಚೆಲ್ಲುವುದು. ತಂದೆಯು ಲಿಂಗವನ್ನು ಕರಡಿಗೆಯಲ್ಲಿಟ್ಟು ಅದೇ ಕೈಯಿಂದ ಮಗುವನ್ನು ಹೊಡೆಯುವನು. ಹೊಡೆದ ಕೈಯಲ್ಲಿ ಈಗತಾನೆ ಲಿಂಗವಿತ್ತು; ಹೊಡೆಸಿಕೊಂಡ ಎದೆಯ ಮೇಲೆಯೂ ಲಿಂಗವಿದೆ. ಪೂಜೆಯು ಯಾವುದಕ್ಕೆ ಸಂದಿತು, ಪೆಟ್ಟು ಯಾವುದಕ್ಕೆ ಬಿದ್ದಿತು ಎಂಬುದನ್ನು ಆ ಯಜಮಾನನೇ ವಿಚಾರಿಸಿಕೊಳ್ಳಬೇಕು. ಅಂದು ಮಗುವು ಕಲಿತುದು ಪೂಜೆಯನ್ನಲ್ಲ. ಪೂಜೆಯ ಬಳಿಗೆ ಸುಳಿಯಬಾರದೆಂಬುದನ್ನು. ಚೆಲ್ಲಿದ ನೀರನ್ನು ಒರೆಸಲು ಒಂದು ಬಟ್ಟೆಯನ್ನು ಕೊಟ್ಟು, ಮರುದಿನ ಅದರ ಕೈಗೆ ಹಿಡಿಯುವಷ್ಟು ಕಿರಿಯ ಗಿಂಡಿಯೊಂದನ್ನು ಕೊಟ್ಟಿದ್ದರೆ ಆ ಮನೆಗೆ ಇನ್ನೊಬ್ಬ ಪೂಜಕನು ದೊರೆಯುತ್ತಿದ್ದನು.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಭಕ್ತರಿಗೆ ಈ ವಿಷಯದಲ್ಲಿ ದೃಷ್ಟಾಂತಗಳನ್ನು ದೂರದಿಂದ ತರಬೇಕಾದುದಿಲ್ಲ. ಕೊಳ್ಳೇಗಾಲವು ರೇಷ್ಮೆಗೆ ಹೆಸರಾದ ಊರು. ಹುಳು ಸಾಕುವ ಒಕ್ಕಲಿಗನು ಮೊಟ್ಟೆಯೊಡೆದ ಮರಿಹುಳುಗಳಿಗೆ ಎರಡು ಜ್ವರ ಕಳೆಯುವವರೆಗೆ ಎಳೆಯ ಸೊಪ್ಪನ್ನೇ ಆಯ್ದು, ಸಣ್ಣಗೆ ಹೆಚ್ಚಿ ಹಾಕುವನು. ಮನೆಯ ಬಿಸುಪನ್ನೂ ತೇವವನ್ನೂ ಕಾಯುವನು. ಕೈಕಾಲು ತೊಳೆಯದೆ ಹುಳುವಿನ ಮನೆಯೊಳಗೆ ಕಾಲಿಡನು. ಚಾಕಿಯಲ್ಲಿ ಕೆಟ್ಟುದು ಚಂದ್ರಿಕೆಯಲ್ಲಿ ಸರಿಹೋಗದೆಂಬುದು ಅವನಿಗೆ ಚೆನ್ನಾಗಿ ಗೊತ್ತು. ತಿಂಗಳೊಪ್ಪತ್ತಿನ ಬೆಳೆಗೆ ಇಷ್ಟು ಎಚ್ಚರವಿರುವಾಗ ನೂರು ವರ್ಷ ಬಾಳಬೇಕಾದ ಜೀವಕ್ಕೆ ಎಷ್ಟು ಎಚ್ಚರ ಬೇಕು! ಗರ್ಭದಲ್ಲಿ ನೆಲೆಗೊಂಡ ದಿನದಿಂದ ಎರಡು ವರ್ಷ ತುಂಬುವವರೆಗಿನ ಸುಮಾರು 1000 ದಿನಗಳಲ್ಲಿ ಆಗುವ ಮೆದುಳಿನ ಮತ್ತು ದೇಹದ ಬೆಳವಣಿಗೆಯೇ ಮುಂದಿನದಕ್ಕೆಲ್ಲ ತಳಹದಿಯೆಂದು ವೈದ್ಯಶಾಸ್ತ್ರಜ್ಞರು ಹೇಳುವರು. ಮಗುವಿನ ಚಾಕಿಯೆಂದರೆ ಇದೇ.

ಆದಕಾರಣ ತಾಯಂದಿರೂ ಅಜ್ಜಿಯರೂ ಕೆಲವು ವಿಧಿಗಳನ್ನು ತಪ್ಪದೆ ಪಾಲಿಸತಕ್ಕದ್ದು. ಹೆರಿಗೆಯಾದ ಒಂದು ಗಂಟೆಯೊಳಗಾಗಿ ಶಿಶುವಿಗೆ ಮೊಲೆಯೂಡಬೇಕು. ಹಳದಿಯ ಮೊದಲ ಹಾಲನ್ನು ಕೆಟ್ಟುದೆಂದು ಹಿಂಡಿ ಚೆಲ್ಲುವ ಪದ್ಧತಿಯು ತೊಲಗಬೇಕು. ರೋಗವನ್ನು ತಡೆಯುವ ಶಕ್ತಿಯು ಅದರಲ್ಲಿಯೇ ಹೆಚ್ಚಾಗಿರುವುದು. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಲ್ಲದೆ ನೀರೂ ಬೇಡ. ಬಿಳಿಗಿರಿರಂಗನ ಬೆಟ್ಟದ ಜೇನೂ ಮಾದಪ್ಪನ ಬೆಟ್ಟದ ಜೇನೂ ಈ ಸೀಮೆಯಲ್ಲಿ ಶ್ರೇಷ್ಠವೆನಿಸಿರುವುದರಿಂದ ಹುಟ್ಟಿದ ಕೂಸಿನ ನಾಲಗೆಗೆ ಅದನ್ನು ಸವರಬೇಕೆಂದು ಹಿರಿಯರಿಗೆ ಆಸೆಯಾಗುವುದು ಸಹಜವು. ಆದರೆ ಜೇನಿನಲ್ಲಿ ಇರಬಹುದಾದ ಒಂದು ಸೂಕ್ಷ್ಮಾಣುವು ವರ್ಷ ತುಂಬದ ಶಿಶುವಿನ ಕರುಳಿನಲ್ಲಿ ಬೆಳೆದು ವಿಷವನ್ನುಂಟುಮಾಡಬಲ್ಲುದು. ದೊಡ್ಡವರಿಗೆ ಅಮೃತವಾದುದನ್ನು ವರ್ಷ ಕಳೆದ ಮೇಲೆಯೇ ಕೂಸಿಗೆ ಕೊಡಲಿ.

ಆರು ತಿಂಗಳಾದ ಬಳಿಕ ಮೊಳಕೆಗಟ್ಟಿಸಿದ ರಾಗಿಯ ಹಿಟ್ಟಿನ ಸರಿ, ನುಣ್ಣಗೆ ಮಸೆದ ಬೇಳೆ, ಸೊಪ್ಪು, ಬಾಳೆಯಹಣ್ಣುಗಳನ್ನು ಸ್ವಲ್ಪಸ್ವಲ್ಪವಾಗಿ ರೂಢಿಮಾಡಿಸುತ್ತ ಎರಡು ವರ್ಷದವರೆಗೂ ಮೊಲೆವಾಲನ್ನು ಮುಂದುವರಿಸಬೇಕು. ಸುಣ್ಣದ ಅಂಶವು ರಾಗಿಯಲ್ಲಿರುವಷ್ಟು ಅಕ್ಕಿಯಲ್ಲಿಲ್ಲ; ಹೊಲದ ಧಾನ್ಯವನ್ನು ಬಡವರ ಊಟವೆಂದು ಬದಿಗಿಟ್ಟು ಅಂಗಡಿಯ ಬಣ್ಣದ ಪೊಟ್ಟಣಗಳನ್ನು ಕೊಳ್ಳುವುದು ಅವಿವೇಕವು. ಭೇದಿಯಾದ ಮಗುವಿಗೆ ನೀರನ್ನು ನಿಲ್ಲಿಸುವುದು ಪ್ರಾಣಾಪಾಯಕರವು. ಆಸ್ಪತ್ರೆಯಲ್ಲಿ ಕೊಡುವ ಓಆರ್‌ಎಸ್ ಪುಡಿಯನ್ನು ಕದಡಿ ಕುಡಿಸಬೇಕು. ಅದು ಕೈಗೆ ಸಿಗದಾಗ ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಸಮತಟ್ಟಾದ 6 ಟೀ ಚಮಚ ಸಕ್ಕರೆಯನ್ನೂ ಅರ್ಧ ಟೀ ಚಮಚ ಉಪ್ಪನ್ನೂ ಕಲಸಿ ಗುಟುಕುಗುಟುಕಾಗಿ ಕೊಡಬೇಕು. ಕಣ್ಣು ಗುಳಿಬಿದ್ದು ಮಗುವು ಮಂಕಾದರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು. ಲಸಿಕೆಗಳನ್ನು ಕಾಲಕಾಲಕ್ಕೆ ಹಾಕಿಸಬೇಕು. ಯಂತ್ರ ಕಟ್ಟಿಸಿದ ಮಾತ್ರಕ್ಕೆ ಲಸಿಕೆಯು ಬೇಡವೆಂಬುದು ಭಕ್ತಿಯಲ್ಲ, ಆಲಸ್ಯವು.

ದೇಹಕ್ಕೆ ಅನ್ನವು ಹೇಗೋ ಮನಸ್ಸಿಗೆ ಸತ್ಯವು ಹಾಗೆ. ಸಾಲಗಾರನು ಬಾಗಿಲಿಗೆ ಬಂದಾಗ ಒಳಗೆ ಕುಳಿತ ಗೃಹಸ್ಥನು, “ಅಪ್ಪ ಊರಲ್ಲಿಲ್ಲ ಅಂತ ಹೇಳು, ಹೋಗು ಮಗು” ಎಂದು ಕೂಸನ್ನು ಕಳುಹಿಸುವುದುಂಟು. ಸುಳ್ಳಿನ ಓನಾಮವನ್ನು ಅವನೇ ತಿದ್ದಿಸಿದಂತಾಯಿತು. ಅದೇ ಮಗುವು ಹತ್ತು ವರ್ಷಗಳ ತರುವಾಯ ತಂದೆಗೆ ಸುಳ್ಳು ಹೇಳಿದರೆ ಅದು ಗುರುದಕ್ಷಿಣೆಯಲ್ಲದೆ ಮತ್ತೇನು? ಗುಮ್ಮನು ಬರುವನೆಂದು ಹೆದರಿಸಿ ಉಣಿಸುವುದು, ಜಾತ್ರೆಗೆ ಕರೆದೊಯ್ಯುವೆನೆಂದು ಹೇಳಿ ಕದ್ದು ಹೋಗುವುದು ಇವೂ ಸುಳ್ಳುಗಳೇ. ನುಡಿದಂತೆ ನಡೆಯಬೇಕೆಂಬ ಶರಣರ ವ್ರತವು ಅನುಭವಮಂಟಪದ ಪಂಡಿತರಿಗೆ ಮಾತ್ರವೇ ಇದ್ದುದಲ್ಲ. ತೊಟ್ಟಿಲ ಬಳಿಯಲ್ಲಿ ನಿಂತವರಿಗೂ ಇದ್ದುದು.

ಇಲ್ಲಿ ಕೆಲವರು ಶಂಕಿಸಬಹುದು: ಮೊದಲು ಲಾಲನೆ, ಅನಂತರ ತಾಡನ, ಪ್ರಾಯ ಬಂದ ಮೇಲೆ ಮಿತ್ರಭಾವ ಎಂದು ನೀತಿಶ್ಲೋಕವು ವಿಧಿಸಿರುವುದಲ್ಲ, ದಂಡಿಸದೆ ಮಗುವು ತಿದ್ದುವುದೇ? ಇದಕ್ಕೆ ಸಮಾಧಾನವೇನೆಂದರೆ, ಆ ನೀತಿಯ ತಾತ್ಪರ್ಯವು ಶಿಸ್ತಿನಲ್ಲಿರುವುದೇ ಹೊರತು ಬೆತ್ತದಲ್ಲಿಲ್ಲ. ಭಯದಿಂದ ಬಿಟ್ಟ ತಪ್ಪು ಭಯವಿಲ್ಲದ ಕಡೆಯಲ್ಲಿ ಮರಳಿ ಬರುವುದು. ತಿಳಿದು ಬಿಟ್ಟ ತಪ್ಪು ಮರಳದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮನನೋಯುವಂತೆ ಹೀಯಾಳಿಸುವುದನ್ನೂ ನಿಷೇಧಿಸಿದೆ. ಶಾಲೆಯಲ್ಲಿ ಸಲ್ಲದುದು ಮನೆಯಲ್ಲಿ ಸಲ್ಲುವುದೇ? ಹಾಗೆಂದು ಮಗುವು ಮಾಡಿದುದನ್ನೆಲ್ಲ ಒಪ್ಪಬೇಕೆಂದು ಅರ್ಥವಲ್ಲ. ಮನೆಗೆ ಕೆಲವೇ ನಿಯಮಗಳಿರಲಿ. ಅವು ಹಿರಿಯರಿಗೂ ಅನ್ವಯಿಸಲಿ. ಇಂದು ಬೇಡವೆಂದುದನ್ನು ನಾಳೆ ಅಳುವಿಗೆ ಸೋತು ಕೊಡದಿರಲಿ. ಮುರಿದುದನ್ನು ಜೋಡಿಸಲು, ಚೆಲ್ಲಿದುದನ್ನು ಬಳಿಯಲು, ನೋಯಿಸಿದವರನ್ನು ಕ್ಷಮೆ ಕೇಳಲು ಕಲಿಸುವುದೇ ತಕ್ಕ ದಂಡನೆಯು. ಕೋಪವು ಏರಿದಾಗ ತಂದೆಯಾದವನು ಅಂಗಳಕ್ಕೆ ಹೋಗಿ ನೂರೆಂಟು ಬಾರಿ ಷಡಕ್ಷರಿಯನ್ನು ಜಪಿಸಿ ಮರಳಿ ಬರಲಿ. ಆಗ ಹೇಳುವ ಮಾತು ಮಗುವಿಗೆ ತಾಕುವುದು.

ಲಿಂಗಧಾರಣೆಯಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಹಾಗಿರುವಲ್ಲಿ ಹಾಲು, ಪುಸ್ತಕ, ವಿಶ್ರಾಂತಿಗಳನ್ನು ಹಂಚುವಾಗ ಭೇದವು ಎಲ್ಲಿಂದ ಬಂದಿತು? ಷಡಕ್ಷರದೇವನಂತಹ ಮಹಾಕವಿಯು ಬಾಳಿದ ಯಳಂದೂರೇ ಸಂಚಿಯ ಹೊನ್ನಮ್ಮನಿಗೂ ತವರು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಕೆಯ ಸಂಚಿಯನ್ನು ಹಿಡಿಯುವ ಊಳಿಗದವಳಾದ ಆಕೆಯು ಅಕ್ಷರವನ್ನು ಕಲಿತು ‘ಹದಿಬದೆಯ ಧರ್ಮ’ವೆಂಬ ಸಾಂಗತ್ಯ ಕಾವ್ಯವನ್ನು ರಚಿಸಿದಳು, ಹೆತ್ತವಳೂ ಹೆಣ್ಣು, ಹೊರೆದವಳೂ ಹೆಣ್ಣಾಗಿರುವಾಗ ಹೆಣ್ಣನ್ನು ಹಳಿಯುವುದೇಕೆಂದು ಅದರಲ್ಲಿ ಪ್ರಶ್ನಿಸಿದಳು. ಮುನ್ನೂರು ವರ್ಷಗಳು ಸಂದುವು. ಮೈನೆರೆದ ಹುಡುಗಿಯನ್ನು ಶಾಲೆಯಿಂದ ಬಿಡಿಸಿ, ನೆಂಟರಲ್ಲಿಯೇ ವರನನ್ನು ಗೊತ್ತುಮಾಡಿ ಮಾನವುಳಿಯಿತೆನ್ನುವ ತಂದೆತಾಯಿಗಳು ಆಕೆಗೆ ಇನ್ನೂ ಉತ್ತರ ಕೊಟ್ಟಿಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಂತೆ ಹೆಣ್ಣಿಗೆ 18, ಗಂಡಿಗೆ 21 ತುಂಬುವ ಮುನ್ನ ನಡೆಸುವ ಮದುವೆಯು ಅಪರಾಧವು. ಆದರೆ ಕಾನೂನಿನ ಭಯಕ್ಕಿಂತ ಮಿಗಿಲಾದ ಕಾರಣವೊಂದುಂಟು: ತಾನೇ ಬೆಳೆದು ಮುಗಿಯದ ದೇಹವು ಇನ್ನೊಂದು ದೇಹವನ್ನು ಹೊರಲಾರದು, ಹೊತ್ತರೆ ಎರಡು ಜೀವಗಳಿಗೂ ಕುತ್ತು. ಅಂತಹ ಮದುವೆಗೆ ಜಂಗಮರು ಮಂತ್ರ ಹೇಳಕೂಡದು, ಬಂಧುಗಳು ಅಕ್ಕಿ ಹಾಕಕೂಡದು.

ಇನ್ನು ಹನೂರಿನ ಕಡೆಯ ಮಾತು. ಮಲೆಯ ಮಹದೇಶ್ವರನ ಕಥೆಯನ್ನು ದೇವರ ಗುಡ್ಡರು ಕಂಸಾಳೆಯ ತಾಳದೊಡನೆ ಹಾಡುವಾಗ ಸಂಕಮ್ಮನ ಸಾಲು ಬಂದರೆ ಕೇಳುವ ಹೆಂಗಸರ ಕಣ್ಣು ಒದ್ದೆಯಾಗುವುದು. ಮಕ್ಕಳಿಲ್ಲದ ಆಕೆಯು ಗಂಡನ ಸಂಶಯದಿಂದ ಪಡಬಾರದ ಕಷ್ಟವನ್ನು ಪಟ್ಟು, ಮಾದಪ್ಪನ ವರದಿಂದ ಕಾರಯ್ಯ ಬಿಲ್ಲಯ್ಯರನ್ನು ಪಡೆದಳು. ಮಗುವು ಹೆತ್ತವರ ಸೊತ್ತಲ್ಲ, ದೇವರು ನಂಬಿ ಒಪ್ಪಿಸಿದ ಒಡವೆಯೆಂಬುದು ಈ ಕಥೆಯಿಂದ ತಿಳಿಯತಕ್ಕದ್ದು. ಒಪ್ಪಿಸಿದ ಒಡವೆಯನ್ನು ಕಂಡವರ ಕೈಯಲ್ಲಿಟ್ಟು ಹೋಗಬಹುದೇ?

1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಈ ಸೀಮೆಗೆ ಗಡಿಯಾಚೆಯ ನಂಟು ಹಳೆಯದು. ಮಳೆಯು ಕೈಕೊಟ್ಟಾಗ ತಂದೆತಾಯಿಗಳು ಕೂಲಿಗೆ ದೂರ ಹೋಗಿ ಮಕ್ಕಳು ಅಜ್ಜಿಯ ಬಳಿ ಉಳಿಯುವುದುಂಟು. ಹೊಟ್ಟೆಪಾಡಿಗಾಗಿ ಹೋದವರನ್ನು ನಿಂದಿಸುವುದು ಧರ್ಮವಲ್ಲ. ಆದರೆ ಹೋಗುವ ಮುನ್ನ ಮಾಡಬೇಕಾದುದುಂಟು. ಮಗುವಿಗೆ ಸತ್ಯವನ್ನೇ ಹೇಳಿ, ಮರಳುವ ದಿನವನ್ನು ತಿಳಿಸಿ ಹೋಗಲಿ. ಶಾಲೆಯ ಉಪಾಧ್ಯಾಯರಿಗೂ ಅಂಗನವಾಡಿಯ ಕಾರ್ಯಕರ್ತೆಗೂ ಅಜ್ಜಿಯನ್ನು ಪರಿಚಯ ಮಾಡಿಸಲಿ. ದಿನವೂ ಒಂದೇ ಹೊತ್ತಿಗೆ ಫೋನಿನಲ್ಲಿ ಮಾತನಾಡಲಿ. ಅಂಕವನ್ನು ಮಾತ್ರ ಕೇಳದೆ, ಯಾರೊಡನೆ ಆಡಿದೆ, ಯಾವುದಕ್ಕೆ ಅತ್ತೆ ಎಂದೂ ಕೇಳಲಿ. ಮಗುವನ್ನು ಜೊತೆಗೊಯ್ದರೆ ಅಲ್ಲಿಯ ಶಾಲೆಗೆ ಸೇರಿಸಲಿ; 6ರಿಂದ 14 ವರ್ಷದ ಮಗುವು ವರ್ಷದ ನಡುವೆ ಬಂದರೂ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಯಾರಾದರೂ ಮೈಮುಟ್ಟಿ ಪೀಡಿಸಿದರೆ ಅದು ತನ್ನ ತಪ್ಪಲ್ಲ, ಕೂಡಲೇ ಹೇಳಬೇಕು ಎಂಬುದನ್ನು ಮಗುವಿಗೆ ಕಲಿಸಿರಲಿ. ಅದು ಹೇಳಿದಾಗ ಹಿರಿಯರು ನಂಬಲಿ. ಸಂಕಟಕ್ಕೆ ಸಿಕ್ಕಿದ ಮಕ್ಕಳಿಗಾಗಿ 1098 ಎಂಬ ಉಚಿತ ದೂರವಾಣಿಯಿರುವುದು.

ಮಕ್ಕಳನ್ನು ನೋಡಿಕೊಳ್ಳುವ ಅಜ್ಜಅಜ್ಜಿಯರಿಗೂ ಒಂದು ಬಿನ್ನಹ. ಅಳುವ ಕೂಸಿನ ಕೈಗೆ ಮೊಬೈಲನ್ನು ಕೊಟ್ಟರೆ ಮನೆಯು ಶಾಂತವಾಗುವುದು ನಿಜ, ಕೂಸು ಬೆಳೆಯದು. ಎರಡು ವರ್ಷ ತುಂಬದ ಮಕ್ಕಳಿಗೆ ಪರದೆಯು ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸಲಹೆಯಿತ್ತಿದೆ. ಮಗುವು ಮಾತನ್ನು ಕಲಿಯುವುದು ಮಾತಿಗೆ ಮಾತು ಕೊಡುವವರಿಂದ. ಮಾದಪ್ಪನ ಕಥೆಯನ್ನೂ ಸಿದ್ಧಪ್ಪಾಜಿಯ ಕಥೆಯನ್ನೂ ರಾತ್ರಿಯೆಲ್ಲ ಕೇಳಿ ಬೆಳೆದ ಅಜ್ಜಿಯರ ಬಳಿ ಆ ಭಂಡಾರವು ಇನ್ನೂ ಇದೆ. ಅವರ ತೊಡೆಯು ಬರಿದಾಗಿರುವಾಗ ಮಗುವಿಗೆ ಗಾಜಿನ ಪರದೆಯು ಏಕೆ?

ಮಠಗಳ ಹೊಣೆಯೂ ಕಿರಿದಲ್ಲ. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಜಾತಿಮತಗಳನ್ನೆಣಿಸದೆ ಸಹಸ್ರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಇತ್ತು ಸಾಕಿದರು. 1954ರಲ್ಲಿ ವಿದ್ಯಾಪೀಠವನ್ನು ಸ್ಥಾಪಿಸಿದ ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ಹಳ್ಳಿಯ ಮಕ್ಕಳಿಗೆ ಊಟ ವಸತಿಗಳನ್ನು ಕಲ್ಪಿಸಿದರು. ಸಂನ್ಯಾಸಿಗಳು ಪರರ ಮಕ್ಕಳಿಗೆ ತಾಯಿಯಾದರು. ಹಾಗಿರುವಾಗ ಗೃಹಸ್ಥರು ತಮ್ಮ ಮಕ್ಕಳಿಗೆ ತಾಯಿತಂದೆಯಾಗುವುದು ಅತಿ ದೊಡ್ಡ ವ್ರತವೇನಲ್ಲ.

ನಾಳೆಯ ಬೆಳಿಗ್ಗೆ ಪೂಜೆಗೆ ಕುಳಿತ ಭಕ್ತನ ಬಳಿಗೆ ಮಗುವು ಬಂದು ನೀರನ್ನು ಚೆಲ್ಲಿದರೆ, ಆತನು ಅಂಗೈಯ ಲಿಂಗವನ್ನೊಮ್ಮೆ, ಮಗುವಿನ ಎದೆಯ ಲಿಂಗವನ್ನೊಮ್ಮೆ ನೋಡಲಿ. ಅಷ್ಟಾದರೆ ಈ ಉಪನ್ಯಾಸವು ಸಾರ್ಥಕವಾಗುವುದು. ಶ್ರೀಗುರುವು ಸರ್ವರಿಗೂ ಸನ್ಮತಿಯನ್ನು ಕರುಣಿಸಲಿ. ಮನೆಮನೆಯ ಮಕ್ಕಳು ಆಯುರಾರೋಗ್ಯವಂತರಾಗಿ ಬಾಳಲಿ.

ಇತಿ ಶಿವಮ್.