ಯಶಸ್ವಿನಿ ನಡೆದು ಬಂದ ದಾರಿ ಮತ್ತು ನಮ್ಮ ಸಂಘ
(ಸಂಘದ ಬೆಳ್ಳಿಹಬ್ಬದ ಪೂರ್ವಭಾವಿ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಹಾಲು ಉತ್ಪಾದಕರ ಸಂಘ ಇಪ್ಪತ್ತೈದು ವರ್ಷ ತುಂಬಿಸಿರುವ ಈ ಸಂತೋಷದ ಸಮಯದಲ್ಲಿ ಕಟ್ಟಡದ ಬಗ್ಗೆ, ಹಾಲಿನ ಗುಣಮಟ್ಟದ ಬಗ್ಗೆ, ಬೋನಸ್ಸಿನ ಬಗ್ಗೆ ನಮಗಿಂತ ಮುಂಚೆ ಮಾತನಾಡಿದವರು ಚೆನ್ನಾಗಿ ಹೇಳಿದ್ದಾರೆ. ಮಂಡಳಿಯವರು ನಮಗೆ ವಹಿಸಿರುವ ವಿಷಯ ಬೇರೆ. ಯಶಸ್ವಿನಿ ಆರೋಗ್ಯ ಯೋಜನೆ ಎಲ್ಲಿಂದ ಬಂತು, ಹೇಗೆ ನಡೆಯಿತು, ನಡುವೆ ಯಾಕೆ ನಿಂತಿತು, ಮತ್ತೆ ಹೇಗೆ ಬಂತು ಅಂತ ತಿಳಿಸಬೇಕು. ಇದಕ್ಕೆ ಕಾರಣವೂ ಇದೆ. ಮುಂದಿನ ಸರ್ವ ಸದಸ್ಯರ ಸಭೆಗೆ ಒಂದು ನಿರ್ಣಯ ಬರಲಿದೆ. ಒಪ್ಪಿಗೆ ಪತ್ರ ಬರೆದುಕೊಟ್ಟ ಸದಸ್ಯರ ಯಶಸ್ವಿನಿ ವಂತಿಗೆಯನ್ನು ಅವರ ಬೋನಸ್ ಹಣದಲ್ಲೇ ಹಿಡಿದು, ವರ್ಷಾ ವರ್ಷಾ ತಪ್ಪದೆ ಸಂಘವೇ ಕಟ್ಟುವುದು ಅಂತ. ಕೈ ಎತ್ತುವವರೂ ಎತ್ತದವರೂ ವಿಷಯ ತಿಳಿದುಕೊಂಡು ನಿರ್ಧಾರ ಮಾಡಲಿ ಅನ್ನುವುದು ನಮ್ಮ ಆಸೆ.

ವಿಮೆ ಅನ್ನುವುದು ನಮ್ಮ ಊರಿಗೆ ಹೊಸದಲ್ಲ. ರಾಸಿನ ಕಿವಿಗೆ ಓಲೆ ಹಾಕಿಸಿ ವಿಮೆ ಮಾಡಿಸುವುದು ಬಹಳ ಹಿಂದಿನಿಂದಲೂ ಇದೆ. ಹಸು ಸತ್ತರೆ ಓಲೆ ಸಮೇತ ಫೋಟೋ ತೆಗೆಸಿ ಕಾಗದ ಕಳಿಸುತ್ತೇವೆ. ಆದರೆ ಆ ಹಸುವಿನ ಹಾಲು ಕರೆಯುವ ಹೆಣ್ಣುಮಗಳಿಗೆ ಹೊಟ್ಟೆಯಲ್ಲಿ ಗಡ್ಡೆ ಅಂತ ಡಾಕ್ಟರು ಹೇಳಿದರೆ ಎಲ್ಲಿಗೆ ಹೋಗಬೇಕಿತ್ತು? ಒಂದೋ ಕೈಸಾಲ, ಇಲ್ಲ ಅದೇ ಹಸುವನ್ನು ಸಂತೆಗೆ ಹೊಡೆಯುವುದು. ಕೊಟ್ಟಿಗೆಗೆ ಇದ್ದ ಭದ್ರತೆ ಅಡುಗೆಮನೆಗೆ ಇರಲಿಲ್ಲ. ನಗಬೇಡಿ, ನಿಜವಾದ ಮಾತು.

ಸಂಘ ಶುರುವಾಗಿ ಎರಡು ಮೂರು ವರ್ಷಕ್ಕೆ ಯಶಸ್ವಿನಿ ಬಂತು. ಈ ಲೆಕ್ಕಾಚಾರವನ್ನು ಮುಂದಿಟ್ಟವರು ಹೃದಯ ತಜ್ಞರಾದ ಡಾ. ದೇವಿಪ್ರಸಾದ್ ಶೆಟ್ಟಿಯವರು. ದಕ್ಷಿಣ ಕನ್ನಡದ ಕಿನ್ನಿಗೋಳಿಯ ಕಡೆಯವರು, ಬೆಂಗಳೂರಿನ ಬೊಮ್ಮಸಂದ್ರದಲ್ಲಿ ನಾರಾಯಣ ಹೃದಯಾಲಯ ಕಟ್ಟಿದವರು. ಅವರು ಕಂಡದ್ದು ಎರಡು ಸಂಗತಿ. ಆಪರೇಷನ್ ಬೇಕಾದ ಬಡವರು ದುಡ್ಡಿಲ್ಲದೆ ಮನೆಯಲ್ಲಿ ನರಳುತ್ತಿದ್ದಾರೆ. ಅದೇ ಹೊತ್ತಿಗೆ ರಾಜ್ಯದ ಎಷ್ಟೋ ಆಸ್ಪತ್ರೆಗಳಲ್ಲಿ ಹಾಸಿಗೆಗಳು ಖಾಲಿ ಬಿದ್ದಿವೆ. ಇವೆರಡನ್ನೂ ಕೂಡಿಸಲು ಬೇಕಾದದ್ದು ಒಬ್ಬೊಬ್ಬರಿಂದ ದೊಡ್ಡ ಮೊತ್ತವಲ್ಲ, ಲಕ್ಷಾಂತರ ಜನರಿಂದ ತಿಂಗಳಿಗೆ ಐದು ರೂಪಾಯಿ.

ಈ ಐದು ರೂಪಾಯಿಯನ್ನು ಸ್ವಲ್ಪ ಬಿಡಿಸಿ ನೋಡೋಣ. ತಿಂಗಳಿಗೆ ಐದು ಅಂದರೆ ವರ್ಷಕ್ಕೆ 60. ಒಬ್ಬನ ಎದೆಯ ಆಪರೇಷನ್ನಿಗೆ 60 ಸಾವಿರ ಆಯಿತು ಅಂತ ಇಟ್ಟುಕೊಳ್ಳಿ. ಅದು ಸಾವಿರ ಜನರ ಇಡೀ ವರ್ಷದ ವಂತಿಗೆ. ಆ ಸಾವಿರ ಜನರಲ್ಲಿ ಒಬ್ಬನಿಗೆ ಖಾಯಿಲೆ ಬಂದು ಉಳಿದ 999 ಜನ ಗಟ್ಟಿಮುಟ್ಟಾಗಿದ್ದರೆ ಮಾತ್ರ ಲೆಕ್ಕ ಕೂಡಿ ಬರುತ್ತದೆ. ನಮ್ಮ ಕಡೆ ನಾಟಿ ಕಾಲದಲ್ಲಿ ಮುಯ್ಯಾಳು ಮಾಡುತ್ತೇವಲ್ಲ, ಹೆಚ್ಚುಕಮ್ಮಿ ಹಾಗೆಯೇ. ಒಂದೇ ವ್ಯತ್ಯಾಸ. ಇಲ್ಲಿ ನಾವು ಯಾರ ಗದ್ದೆಯಲ್ಲಿ ನಾಟಿ ಹಾಕಿದೆವು ಅಂತ ಕೊನೆಯವರೆಗೂ ನಮಗೆ ಗೊತ್ತಾಗುವುದಿಲ್ಲ. ರಾಯಚೂರಿನ ಒಬ್ಬ ಹುಡುಗನ ಹೃದಯದ ತೂತು ನಮ್ಮ ಅರವತ್ತು ರೂಪಾಯಿಯಲ್ಲಿ ಮುಚ್ಚಿರಬಹುದು.

ಆಗ ಮುಖ್ಯಮಂತ್ರಿಗಳಾಗಿದ್ದವರು ದಿವಂಗತ ಎಸ್.ಎಂ. ಕೃಷ್ಣ ಅವರು. 2002ರ ನವೆಂಬರ್‌ನಲ್ಲಿ ಯೋಜನೆ ಉದ್ಘಾಟನೆಯಾಗಿ, 2003ರ ಜೂನ್ 1ರಿಂದ ಚಿಕಿತ್ಸೆ ಕೊಡುವುದು ಆರಂಭವಾಯಿತು. ಇಲ್ಲಿ ಒಂದು ಮುಖ್ಯ ಸಂಗತಿ ಗಮನಿಸಬೇಕು. ಈ ಹಣವನ್ನು ಯಾವ ವಿಮಾ ಕಂಪನಿಯ ಕೈಗೂ ಕೊಡಲಿಲ್ಲ. ಯಶಸ್ವಿನಿ ಸಹಕಾರಿ ರೈತರ ಆರೋಗ್ಯ ರಕ್ಷಣಾ ಟ್ರಸ್ಟ್ ಅಂತ ಒಂದು ಟ್ರಸ್ಟನ್ನೇ ನೋಂದಾಯಿಸಿದರು. ಸರ್ಕಾರದ ಹಿರಿಯ ಅಧಿಕಾರಿಗಳು, ಡಾಕ್ಟರುಗಳು ಅದರ ಟ್ರಸ್ಟಿಗಳು. ಆಸ್ಪತ್ರೆಗಳ ಕಾಗದಪತ್ರ ನೋಡಿ ಅನುಮತಿ ಕೊಡುವ ಕೆಲಸಕ್ಕೆ ಮಾತ್ರ ಒಂದು ಸಂಸ್ಥೆಯನ್ನು ಗೊತ್ತುಮಾಡಿಕೊಂಡರು. ಷೇರುದಾರರಿಲ್ಲ, ಲಾಭ ಹಂಚುವ ಪ್ರಶ್ನೆಯಿಲ್ಲ. ಬಂದ ಹಣ ಆಪರೇಷನ್ನಿಗೆ, ಸಾಲದೇ ಹೋದದ್ದಕ್ಕೆ ಸರ್ಕಾರದ ನೆರವು. ಒಂದೊಂದು ಆಪರೇಷನ್ನಿಗೆ ಇಷ್ಟೇ ದರ ಅಂತ ಮೊದಲೇ ಆಸ್ಪತ್ರೆಗಳ ಜೊತೆ ಮಾತಾಡಿ ನಿಗದಿ ಮಾಡಿದ್ದರು. ದರ ಸಾಲದು ಅನ್ನುವ ದೂರು ಆಸ್ಪತ್ರೆಯವರಿಂದ ಇದ್ದೇ ಇದೆ. ಅದನ್ನು ಪೂರ್ತಿ ಸುಳ್ಳು ಅನ್ನಲಾಗದು. ಹಾಲಿನ ದರ ಸಾಲದು ಅಂತ ನಾವೂ ಹೇಳುತ್ತೇವಲ್ಲ!

ಹಣ ವಸೂಲಿಗೆ ಏಜೆಂಟರನ್ನು ನೇಮಿಸಲಿಲ್ಲ. ಹಳ್ಳಿ ಹಳ್ಳಿಯಲ್ಲೂ ಸಹಕಾರ ಸಂಘ ಇತ್ತು. ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘದಿಂದ ಶುರುವಾಗಿ ನೂರು ವರ್ಷ ಬೆಳೆದ ಬೇರು ಅದು. ವ್ಯವಸಾಯ ಸೇವಾ ಸಂಘ, ಹಾಲಿನ ಸಂಘ, ನೇಕಾರರ ಸಂಘ, ಎಲ್ಲ ಕಡೆಯೂ ಸದಸ್ಯರ ಪಟ್ಟಿ ಇದೆ, ರಸೀದಿ ಪುಸ್ತಕ ಇದೆ, ಪರಿಚಯದ ಕಾರ್ಯದರ್ಶಿ ಇದ್ದಾರೆ. ಹಾಲಿನ ಸಂಘದಲ್ಲಂತೂ ಬಟವಾಡೆಯಲ್ಲೇ ಹಿಡಿದುಕೊಳ್ಳಬಹುದು. ಪಟ್ಟಣದಲ್ಲಿ ಕುಳಿತು ಲಕ್ಷಾಂತರ ರೈತರಿಂದ ಅರವತ್ತು ಅರವತ್ತು ರೂಪಾಯಿ ಎತ್ತಲು ಹೋಗಿದ್ದರೆ ಎತ್ತುವ ಖರ್ಚಿಗೇ ಅರವತ್ತು ಮುಗಿದುಹೋಗುತ್ತಿತ್ತು.

ಮೊದಲ ವರ್ಷ ನಮ್ಮೂರಿನಲ್ಲಿ ಜನ ಸುಲಭಕ್ಕೆ ಒಪ್ಪಲಿಲ್ಲ. ಫೈನಾನ್ಸ್ ಕಂಪನಿಯವರು ಕಂತು ಕಟ್ಟಿಸಿಕೊಂಡು ರಾತ್ರೋರಾತ್ರಿ ಬೀಗ ಹಾಕಿದ ಕಥೆ ಎಲ್ಲರಿಗೂ ಗೊತ್ತಿತ್ತು. "ಅರವತ್ತು ರೂಪಾಯಿಗೆ ಹೊಟ್ಟೆ ಕುಯ್ದು ಹೊಲಿತಾರಾ? ದಾರಾನೂ ಬರಲ್ಲ ಅಷ್ಟಕ್ಕೆ" ಅಂತ ಹಾಲಿನ ಡೇರಿ ಕಟ್ಟೆಯ ಮೇಲೆ ಒಬ್ಬ ಹಿರಿಯರು ಹೇಳಿದ್ದು ಇವತ್ತಿಗೂ ಕೆಲವರಿಗೆ ನೆನಪಿದೆ. ಆದರೆ ರಾಜ್ಯದಲ್ಲಿ ಆ ವರ್ಷ ಸುಮಾರು 16 ಲಕ್ಷ ಜನ ಸೇರಿದರು. ಸುಮಾರು 9 ಸಾವಿರ ಆಪರೇಷನ್ ಆದವು. ಅಂದರೆ ನೂರಾ ಎಪ್ಪತ್ತು ಎಂಬತ್ತು ಜನರಿಗೆ ಒಬ್ಬರಂತೆ. ಸಾವಿರ ಜನಸಂಖ್ಯೆಯ ಊರಿನಲ್ಲಿ ಎಲ್ಲರೂ ಸೇರಿದ್ದರೆ ವರ್ಷಕ್ಕೆ ಐದಾರು ಮನೆಗೆ ಈ ಕಷ್ಟ ಬರುತ್ತದೆ ಅಂತ ಲೆಕ್ಕ. ಯಾವ ಐದಾರು ಮನೆ ಅನ್ನುವುದು ಮಾತ್ರ ಯುಗಾದಿ ಪಂಚಾಂಗದಲ್ಲೂ ಬರೆದಿರುವುದಿಲ್ಲ.

ನಮ್ಮ ಊರಿನಿಂದ ಮೊದಲು ಹೋದವರು ಒಬ್ಬ ಸದಸ್ಯರ ತಾಯಿ. ಪಿತ್ತಕೋಶದ ಕಲ್ಲು. ಕಾರ್ಡು ತೋರಿಸಿ, ಅನುಮತಿ ಬಂದು, ಆಪರೇಷನ್ ಆಗಿ, ವಾರದೊಳಗೆ ಬಸ್ಸಿನಲ್ಲಿ ವಾಪಸ್ ಬಂದರು. ಕೈಯಿಂದ ಆದ ಖರ್ಚು ಬಸ್ ಚಾರ್ಜು, ಜೊತೆಗೆ ಹೋದವರ ಊಟ, ಮನೆಗೆ ತಂದ ಔಷಧಿ. ಭಾಷಣ ಮಾಡಿ ಆಗದ ಕೆಲಸವನ್ನು ಆ ತಾಯಿ ಡೇರಿಗೆ ನಡೆದು ಬಂದು ಮಾಡಿದರು. ಮುಂದಿನ ಸಾರಿ ಕಾರ್ಯದರ್ಶಿಯವರ ಮೇಜಿನ ಮುಂದೆ ಸಾಲು ನಿಂತಿತು.

ಎರಡನೇ ವರ್ಷ ರಾಜ್ಯದಲ್ಲಿ ಸದಸ್ಯರ ಸಂಖ್ಯೆ 20 ಲಕ್ಷ ದಾಟಿತು. ಆಪರೇಷನ್ನುಗಳೂ ಏರಿದವು, ಖರ್ಚೂ ಏರಿತು. 2005ರಲ್ಲಿ ದೊಡ್ಡವರ ವಂತಿಗೆಯನ್ನು 60ರಿಂದ 120ಕ್ಕೆ ಏರಿಸಬೇಕಾಯಿತು. ಆಗ ಏನಾಯಿತು ಕೇಳಿ. ಒಂದೇ ವರ್ಷದಲ್ಲಿ ಸದಸ್ಯರು 15 ಲಕ್ಷದ ಒಳಗೆ ಇಳಿದುಹೋದರು. ಬಿಟ್ಟುಹೋದವರು ಯಾರಿರಬಹುದು? ಮಂಡಿ ನೋವು, ಎದೆ ನೋವು ಇದ್ದವರು ಸಾಲ ಮಾಡಿಯಾದರೂ ಕಟ್ಟುತ್ತಾರೆ. "ನಮಗೇನಾಗಿದೆ, ಕಲ್ಲು ತಿಂದು ಕರಗಿಸ್ತೀವಿ" ಅನ್ನುವವರೇ ಹೊರಗೆ ಹೋಗುವುದು. ಗಟ್ಟಿಯಾದವರು ಹೋದರೆ ಪೆಟ್ಟಿಗೆಗೆ ಬರುವ ದುಡ್ಡು ಕಡಿಮೆ, ಹೋಗುವ ದುಡ್ಡು ಅಷ್ಟೇ. ಆಗ ಮತ್ತೆ ವಂತಿಗೆ ಏರಿಸಬೇಕು, ಮತ್ತಷ್ಟು ಜನ ಬಿಡುತ್ತಾರೆ. ಇಂಥ ಯೋಜನೆಗಳು ಮುಳುಗುವುದು ಕಳ್ಳತನದಿಂದಲೇ ಆಗಬೇಕಾಗಿಲ್ಲ, ಇದೊಂದು ಸಾಕು. ಯಶಸ್ವಿನಿ ಮುಳುಗಲಿಲ್ಲ. ಸರ್ಕಾರದ ನೆರವು ಹೆಚ್ಚಾಯಿತು, ಸಂಘಗಳು ಮತ್ತೆ ಮನೆ ಮನೆ ತಿರುಗಿದವು. 2008-09ರ ಹೊತ್ತಿಗೆ 30 ಲಕ್ಷ ಜನ ಇದ್ದರು, ಕೊನೆಕೊನೆಗೆ 40 ಲಕ್ಷದ ಆಸುಪಾಸು.

ಏನೇನು ಸಿಗುತ್ತಿತ್ತು ಅಂದರೆ, ಸಾವಿರದ ಆರುನೂರಕ್ಕೂ ಹೆಚ್ಚು ಬಗೆಯ ಆಪರೇಷನ್ನುಗಳು ಪಟ್ಟಿಯಲ್ಲಿದ್ದವು. ಬರುಬರುತ್ತಾ ರೈತರಿಗೆ ಬೇಕಾದ ಕೆಲವನ್ನು ಸೇರಿಸಿದರು. ಹಾವು ಕಡಿತ, ನಾಯಿ ಕಡಿತ, ಎತ್ತು ತಿವಿದ ಗಾಯ, ಕರೆಂಟ್ ಹೊಡೆದದ್ದು, ನೀರಿಗೆ ಬಿದ್ದದ್ದು, ಬೇಸಾಯದ ಉಪಕರಣಕ್ಕೆ ಸಿಕ್ಕಿಹಾಕಿಕೊಂಡದ್ದು, ಹೆರಿಗೆ. ಎತ್ತು ತಿವಿದದ್ದನ್ನು ಪಟ್ಟಿಗೆ ಬರೆದವರು ಯಾರೋ ಗೊತ್ತಿಲ್ಲ, ಹಳ್ಳಿಯಲ್ಲಿ ಹುಟ್ಟಿದವರೇ ಇರಬೇಕು. ಕೊರತೆಯೂ ಇತ್ತು. ಶುಗರ್ರು, ಬಿ.ಪಿ. ಮಾತ್ರೆಗೆ, ಜ್ವರಕ್ಕೆ, ಕೀಲು ಬದಲಾವಣೆಗೆ, ಡಯಾಲಿಸಿಸ್ಸಿಗೆ ಇದು ಆಗುತ್ತಿರಲಿಲ್ಲ. ಇನ್ನೊಂದು ಮಾತನ್ನು ಹೆಣ್ಣುಮಕ್ಕಳ ಎದುರಿಗೇ ಹೇಳಬೇಕು. ಆಪರೇಷನ್ನಿಗೆ ಮಾತ್ರ ದುಡ್ಡು ಕೊಡುವ ಯೋಜನೆಯಲ್ಲಿ ಬೇಡದ ಆಪರೇಷನ್ ಆಗುವ ಅಪಾಯ ಇದ್ದೇ ಇರುತ್ತದೆ. ಗರ್ಭಕೋಶ ತೆಗೆಯಬೇಕು ಅಂತ ಒಬ್ಬರು ಹೇಳಿದ ಕೂಡಲೇ ಕಾರ್ಡು ಇದೆಯಲ್ಲ ಅಂತ ಒಪ್ಪಬೇಡಿ. ಇನ್ನೊಬ್ಬ ಡಾಕ್ಟರನ್ನು ಕೇಳಿ.

ಈಗ 2018ಕ್ಕೆ ಬರೋಣ. ಆ ವರ್ಷ ಸರ್ಕಾರ ಆರೋಗ್ಯ ಕರ್ನಾಟಕ ಅಂತ ತಂದು ವಾಜಪೇಯಿ ಆರೋಗ್ಯಶ್ರೀ, ರಾಜೀವ್ ಆರೋಗ್ಯ ಭಾಗ್ಯ ಮುಂತಾದವುಗಳ ಜೊತೆ ಯಶಸ್ವಿನಿಯನ್ನೂ ಅದರೊಳಗೆ ಸೇರಿಸಿತು. ಆಮೇಲೆ ಕೇಂದ್ರದ ಆಯುಷ್ಮಾನ್ ಭಾರತ್ ಕೂಡಿಕೊಂಡಿತು. ಎಲ್ಲ ಒಂದೇ ಸೂರಿನಡಿ ಬಂದರೆ ಒಳ್ಳೆಯದೇ ಅಂತ ಬಹಳ ಜನ ಅಂದುಕೊಂಡರು. ಬಿ.ಪಿ.ಎಲ್. ಕಾರ್ಡಿನ ಮನೆಗಳಿಗೆ ವಂತಿಗೆಯೇ ಇಲ್ಲದೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಅಂದರೆ ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಎ.ಪಿ.ಎಲ್. ಮನೆಗಳಿಗೆ ನಿಗದಿಯಾದ ದರದಲ್ಲಿ ಶೇಕಡಾ 30ರಷ್ಟು ಮಾತ್ರ ಸರ್ಕಾರದ್ದು, ಉಳಿದ ಶೇಕಡಾ 70 ಅವರದೇ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ಶಿಫಾರಸು ಪತ್ರವನ್ನೂ ತರಬೇಕು.

ಎ.ಪಿ.ಎಲ್. ಅಂದರೆ ಸಾಹುಕಾರರು ಅಂತ ಪಟ್ಟಣದವರು ತಿಳಿಯುತ್ತಾರೆ. ನಮ್ಮ ಸಂಘದಲ್ಲಿ ನೋಡಿ. ಮಳೆ ನಂಬಿದ ನಾಲ್ಕು ಎಕರೆ ಹೆಚ್ಚಿಗೆ ಇದ್ದ ತಪ್ಪಿಗೆ, ಬೆಂಗಳೂರಿನಲ್ಲಿರುವ ಮಗ ಇನ್‌ಕಮ್ ಟ್ಯಾಕ್ಸ್ ಕಟ್ಟಿದ ತಪ್ಪಿಗೆ ಕಾರ್ಡು ಕಳೆದುಕೊಂಡವರು ಎಷ್ಟು ಜನ ಇಲ್ಲ? ಅವರು ದುಡ್ಡು ಕೊಟ್ಟು ಯಶಸ್ವಿನಿ ಮಾಡಿಸಿಕೊಳ್ಳಲು ತಯಾರಿದ್ದರು. ಆದರೆ ಕಟ್ಟಲು ಜಾಗವೇ ಇರಲಿಲ್ಲ. ಆ ನಾಲ್ಕೂವರೆ ವರ್ಷದಲ್ಲಿ ನಮ್ಮ ಕೇರಿಯಲ್ಲೇ ಒಂದು ಮನೆಯವರು ಯಜಮಾನರ ಎದೆಗೆ ಸ್ಟೆಂಟ್ ಹಾಕಿಸಲು ಕರೆಯುವ ಎರಡು ಹಸು ಮಾರಿದರು. ಹಸು ಹೋದ ಮೇಲೆ ಬಟವಾಡೆ ನಿಂತಿತು. ಬಟವಾಡೆ ನಿಂತ ಮೇಲೆ ಮಗಳ ಕಾಲೇಜು ನಿಂತಿತು. ಯಜಮಾನರು ಉಳಿದರು, ದೇವರು ದೊಡ್ಡವನು. ಆದರೆ ಆ ಮನೆಯವರ ಹಾಲಿನ ಪುಸ್ತಕ ಎರಡು ವರ್ಷ ಖಾಲಿ ಇತ್ತು. ಸಂಘದ ಕಡತದಲ್ಲಿ ಈಗಲೂ ಯಾರು ಬೇಕಾದರೂ ನೋಡಬಹುದು.

ಸಹಕಾರ ಸಂಘಗಳವರು ಬಿಡದೆ ಕೇಳಿದ ಮೇಲೆ 2022ರ ಬಜೆಟ್ಟಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಯಶಸ್ವಿನಿಯನ್ನು ಮತ್ತೆ ತರುವುದಾಗಿ ಹೇಳಿ 300 ಕೋಟಿ ತೆಗೆದಿಟ್ಟರು. ಆ ವರ್ಷ ನವೆಂಬರ್‌ನಿಂದ ನೋಂದಣಿ, 2023ರ ಜನವರಿ 1ರಿಂದ ಚಿಕಿತ್ಸೆ. ಆಗ ಗೊತ್ತಾದ ದರ ಹೀಗಿತ್ತು: ಹಳ್ಳಿಯ ಸಂಘಗಳ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಮೇಲೆ ಒಬ್ಬೊಬ್ಬರಿಗೆ 100. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಸದಸ್ಯರ ವಂತಿಗೆ ಸರ್ಕಾರದ್ದೇ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನಗದು ಕಟ್ಟದೆ ಚಿಕಿತ್ಸೆ. ಐನೂರು ರೂಪಾಯಿ ಅಂದರೆ ಹೆಚ್ಚುಕಮ್ಮಿ ಹದಿನೈದು ಲೀಟರ್ ಹಾಲಿನ ದುಡ್ಡು. ಒಂದು ಸಾಧಾರಣ ಹಸು ಎರಡು ದಿನ ಕೊಡುವ ಹಾಲು.

ಹಾಗಾದರೆ ಬೋನಸ್ಸಿನಲ್ಲಿ ಹಿಡಿಯುವ ನಿರ್ಣಯ ಯಾಕೆ, ಅವರವರೇ ಕಟ್ಟಿಕೊಳ್ಳಲಿ ಅಂತ ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ನೋಂದಣಿಗೆ ಗೊತ್ತಾದ ದಿನಗಳಿರುತ್ತವೆ. ಆ ದಿನಗಳಲ್ಲಿ ಕಳೆ ತೆಗೆಯುವ ಕೆಲಸವೋ, ಕೊಯ್ಲೋ, ಜಾತ್ರೆಯೋ ಇರುತ್ತದೆ. ನಾಳೆ ಕಟ್ಟೋಣ ಅನ್ನುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಆಮೇಲೆ ಸ್ಕ್ಯಾನಿಂಗ್ ರಿಪೋರ್ಟು ಕೈಯಲ್ಲಿ ಹಿಡಿದು ಕಾರ್ಯದರ್ಶಿಯವರ ಮನೆ ಬಾಗಿಲಿಗೆ ಬಂದರೆ ಅವರು ಏನು ಮಾಡಲು ಸಾಧ್ಯ? "ನಾವು ಮೂರು ವರ್ಷ ಕಟ್ಟಿದೆವು, ಏನೂ ಆಗಲಿಲ್ಲ, ದುಡ್ಡು ದಂಡ" ಅನ್ನುವವರೂ ನಮ್ಮಲ್ಲಿದ್ದಾರೆ. ಆಸ್ಪತ್ರೆಗೆ ಹೋಗದೆ ಇದ್ದದ್ದನ್ನು ದಂಡ ಅನ್ನುವುದು ನಮ್ಮ ಊರಿನಲ್ಲಿ ಮಾತ್ರ ಅನ್ನಿಸುತ್ತದೆ!

ಬಲವಂತ ಏನೂ ಇಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕದವರ ಬೋನಸ್ಸಿನಲ್ಲಿ ಒಂದು ಪೈಸೆಯನ್ನೂ ಹಿಡಿಯುವುದಿಲ್ಲ. ಹಾಕಿದವರು ಬೇಡವೆಂದರೆ ಮುಂದಿನ ವರ್ಷ ಬರೆದುಕೊಟ್ಟು ಬಿಡಬಹುದು. ಹಿಡಿದ ಹಣಕ್ಕೆ ರಸೀದಿ ಕೊಡುತ್ತೇವೆ, ಕಟ್ಟಿದವರ ಪಟ್ಟಿಯನ್ನು ಡೇರಿಯ ಬೋರ್ಡಿಗೆ ಅಂಟಿಸುತ್ತೇವೆ. ಬಿ.ಪಿ.ಎಲ್. ಕಾರ್ಡಿನವರು ತಮಗೆ ಈಗ ಇರುವ ಸೌಲಭ್ಯ ಯಾವುದು, ಇದು ಬೇಕೋ ಬೇಡವೋ ಅಂತ ಕಾರ್ಯದರ್ಶಿಯವರ ಹತ್ತಿರ ಕೂತು ವಿಚಾರಿಸಿ ತೀರ್ಮಾನಿಸಲಿ.

ಒಪ್ಪಿಗೆ ಪತ್ರದ ನಮೂನೆ ಡೇರಿಯಲ್ಲಿ ಇಟ್ಟಿದೆ. ಬರುವಾಗ ರೇಷನ್ ಕಾರ್ಡು, ಮನೆಯವರೆಲ್ಲರ ಆಧಾರ್ ಕಾರ್ಡು, ಒಬ್ಬೊಬ್ಬರದು ಎರಡೆರಡು ಫೋಟೋ ತನ್ನಿ. ಪರಿಶಿಷ್ಟರು ಜಾತಿ ಪ್ರಮಾಣ ಪತ್ರವನ್ನೂ ತರಬೇಕು. ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರ ಹೆಸರು, ಹುಟ್ಟಿದ ಕೂಸುಗಳ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳಿ. ಈ ವರ್ಷದ ದರ ಮತ್ತು ಕೊನೆಯ ದಿನಾಂಕವನ್ನು ಕಾರ್ಯದರ್ಶಿಯವರು ಬೋರ್ಡಿನ ಮೇಲೆ ಬರೆಯುತ್ತಾರೆ. ಸಂಜೆ ಹಾಲು ಹಾಕಲು ಬಂದಾಗ ಒಂದು ಸಾರಿ ಕಣ್ಣು ಹಾಯಿಸಿ.