ಜೋಡಿಯ ಎರಡನೆಯ ಸಹಿ

ಕನ್ನಡ ಕಿರುತೆರೆಯ ಒಂದು ದಂಪತಿಗೆ ಮನೆತನದ ಹೆಸರಿಗಿಂತ ಧಾರಾವಾಹಿಯ ಹೆಸರೇ ಗಟ್ಟಿಯಾಗಿ ಅಂಟಿಕೊಂಡಿದೆ. ಒಬ್ಬರು ಸಿಹಿಕಹಿ ಚಂದ್ರು, ಇನ್ನೊಬ್ಬರು ಸಿಹಿಕಹಿ ಗೀತಾ. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಬಂದ ‘ಸಿಹಿ ಕಹಿ’ ಹಾಸ್ಯ ಧಾರಾವಾಹಿಯಲ್ಲಿ ಇಬ್ಬರೂ ಜೊತೆಯಾಗಿ ನಟಿಸಿದರು, ಮುಂದೆ ಬಾಳಿನಲ್ಲೂ ಜೊತೆಯಾದರು. ಆ ಧಾರಾವಾಹಿಯ ಒಂದು ಕಂತನ್ನೂ ನೋಡದ ಇಂದಿನ ಹುಡುಗರು ಕೂಡ ಅವರನ್ನು ಆ ಹೆಸರಿನಿಂದಲೇ ಕರೆಯುತ್ತಾರೆ. ಹಾಸ್ಯದ ಜೋಡಿಗಳ ಗುಣವೇ ಇದು. ಒಬ್ಬರ ಹೆಸರು ಕಿವಿಗೆ ಬಿದ್ದರೆ ಸಾಕು, ಇನ್ನೊಬ್ಬರ ಮುಖ ತಾನಾಗಿ ಕಣ್ಮುಂದೆ ಬರುತ್ತದೆ. ಆದರೆ ಅಭಿಮಾನಿಗಳ ಆಟೋಗ್ರಾಫ್ ಪುಸ್ತಕ ತೆರೆದು ನೋಡಿದರೆ ಅಲ್ಲಿ ಹೆಚ್ಚಾಗಿ ಒಂದೇ ಸಹಿ ಇರುತ್ತದೆ. ಇನ್ನೊಂದು ಎಲ್ಲಿ ಹೋಯಿತು?

ದೂರದರ್ಶನದ ಆ ಮೊದಲ ದಿನಗಳಲ್ಲಿ ಬೆಳಗಾವಿ ಜಿಲ್ಲೆಯ ಬೈಲಹೊಂಗಲದ ಹತ್ತಿ ಪೇಟೆಯ ಮಗ್ಗುಲಿನ ಓಣಿಯಾಗಲಿ, ರಾಮದುರ್ಗದ ನೇಕಾರರ ಓಣಿಯಾಗಲಿ, ಟಿ.ವಿ. ಇದ್ದ ಮನೆ ಇಡೀ ಓಣಿಯ ಮನೆಯಾಗಿತ್ತು. ಒಬ್ಬ ಮಾಳಿಗೆ ಹತ್ತಿ ಆಂಟೆನಾ ತಿರುಗಿಸಬೇಕು, ಕೆಳಗಿನವರು ‘ಬಂತು, ಬಂತು, ಅಲ್ಲೇ ಬಿಡು’ ಎಂದು ಕೂಗಬೇಕು. 1984ರಲ್ಲಿ ‘ಯೇ ಜೋ ಹೈ ಜಿಂದಗಿ’ ಶುರುವಾದಾಗ ಹಿಂದಿ ಅಷ್ಟಕ್ಕಷ್ಟೇ ತಿಳಿಯುವ ಮನೆಗಳಲ್ಲೂ ಜನ ಬಿದ್ದುಬಿದ್ದು ನಕ್ಕರು. ಬರೆದವರು ಹಿಂದಿಯ ದೊಡ್ಡ ವಿಡಂಬನಕಾರ ಶರದ್ ಜೋಶಿ. ಶಫಿ ಇನಾಮದಾರ್ ಮತ್ತು ಸ್ವರೂಪ್ ಸಂಪತ್ ಗಂಡ–ಹೆಂಡತಿ. ಮನೆಯಲ್ಲೇ ಠಿಕಾಣಿ ಹೂಡಿದ ಹೆಂಡತಿಯ ತಮ್ಮನಾಗಿ ರಾಕೇಶ್ ಬೇಡಿ. ಸತೀಶ್ ಶಾ ಅವರಂತೂ ವಾರಕ್ಕೊಂದು ಹೊಸ ವೇಷದಲ್ಲಿ ಬರುತ್ತಿದ್ದರು. ಈ ವಾರ ಯಾರಾಗಿ ಬಂದಾರು ಎಂಬುದೇ ಒಂದು ಕುತೂಹಲ.

ಧಾರಾವಾಹಿ ಮುಗಿದ ಮೇಲೆ ಇವರ ಬದುಕು ಬೇರೆ ಬೇರೆ ದಾರಿ ಹಿಡಿಯಿತು. ಶಫಿ ಇನಾಮದಾರ್ 1996ರಲ್ಲಿ, ಐವತ್ತರ ಹರೆಯದಲ್ಲೇ ತೀರಿಕೊಂಡರು. 1979ರಲ್ಲಿ ಮಿಸ್ ಇಂಡಿಯಾ ಆಗಿದ್ದ ಸ್ವರೂಪ್ ಸಂಪತ್, ಕಲಿಕೆಯಲ್ಲಿ ತೊಡಕಿರುವ ಮಕ್ಕಳಿಗೆ ನಾಟಕದ ಮೂಲಕ ಕಲಿಸುವ ಬಗೆಯನ್ನು ಅಭ್ಯಾಸ ಮಾಡಿ ಇಂಗ್ಲೆಂಡಿನ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು, ಶಿಕ್ಷಕರಿಗೆ ತರಬೇತಿ ಕೊಡಲು ಊರೂರು ತಿರುಗಿದರು. ಸತೀಶ್ ಶಾ 2025ರ ಅಕ್ಟೋಬರ್‌ನಲ್ಲಿ ನಿಧನರಾದರು. ಹಾಸ್ಯನಟಿ ಎಂದಷ್ಟೇ ನೆನಪಿನಲ್ಲಿ ಉಳಿದ ಸ್ವರೂಪ್ ಅವರಂಥ ಹೆಣ್ಣುಮಗಳೊಬ್ಬಳು ಮುಂದೆ ಇಷ್ಟು ದೊಡ್ಡ ಕೆಲಸ ಮಾಡಿದಳೆಂಬುದು ಆಕೆಯ ಸಹಿ ಇಟ್ಟುಕೊಂಡವರಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಸಹಿಯ ಜೊತೆಗೆ ಆ ಕಲಾವಿದರ ಮುಂದಿನ ಬದುಕನ್ನೂ ವಿಚಾರಿಸುವ ಸಂಗ್ರಹಕಾರರು ಕಡಿಮೆ. ಆ ಕಡಿಮೆ ಜನರೇ ನಿಜವಾದ ಸಂಗ್ರಹಕಾರರು.

ಅದೇ ದಶಕದಲ್ಲಿ ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಆಗಿ ಆಗುಂಬೆಯಲ್ಲಿ ಚಿತ್ರಿಸಿದರು. ಅದು ಪೂರ್ತಿ ಹಾಸ್ಯ ಧಾರಾವಾಹಿಯಲ್ಲ. ಆದರೂ ಸ್ವಾಮಿಯ ಮನೆಯ ನಗೆ ಎಲ್ಲರಿಗೂ ನೆನಪಿದೆ. ಮಾಸ್ಟರ್ ಮಂಜುನಾಥ್ ಸ್ವಾಮಿ, ಗಿರೀಶ್ ಕಾರ್ನಾಡ್ ಅಪ್ಪ, ವೈಶಾಲಿ ಕಾಸರವಳ್ಳಿ ಅಮ್ಮ. ಮಂಜುನಾಥ್ ದೊಡ್ಡವರಾದ ಮೇಲೆ ನಟನೆ ಬಿಟ್ಟು ಬೇರೆ ಉದ್ಯೋಗ ಹಿಡಿದರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ಕಾರ್ನಾಡರ ಸಹಿ ಈ ಭಾಗದ ಎಷ್ಟೋ ಮನೆಗಳ ಪುಸ್ತಕದ ಮೊದಲ ಪುಟದಲ್ಲಿದೆ. ಆದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಗನನ್ನು ಕಣ್ಣಿನಲ್ಲೇ ಗದರಿಸುವ, ಕಣ್ಣಿನಲ್ಲೇ ಕ್ಷಮಿಸುವ ಆ ತಾಯಿಯ ಸಹಿ? ವೈಶಾಲಿ ಮುಂದೆ ನಿರ್ದೇಶಕಿಯಾಗಿ, ಉತ್ತರ ಕರ್ನಾಟಕದ ಮಾತು–ರೀತಿಗಳನ್ನೇ ಜೀವಾಳವಾಗಿಸಿಕೊಂಡ ‘ಮೂಡಲಮನೆ’ ಧಾರಾವಾಹಿ ಕೊಟ್ಟರು. ಸವದತ್ತಿ, ರಾಮದುರ್ಗದ ಮಂದಿ ತಮ್ಮ ಮನೆಯ ಮಾತು ಟಿ.ವಿ.ಯಲ್ಲಿ ಕೇಳಿ ಬೆರಗಾದದ್ದು ಆಗ. ವೈಶಾಲಿ 2010ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಈ ಭಾಷೆಗೆ ಅಷ್ಟು ಗೌರವ ತಂದುಕೊಟ್ಟವರ ಒಂದು ಸಹಿಯನ್ನು ಈ ನೆಲದವರು ಕೇಳಿ ಇಟ್ಟುಕೊಳ್ಳಬೇಕಿತ್ತು.

ಜೋಡಿ ಹಾಸ್ಯ ಈ ಊರುಗಳಿಗೆ ಟಿ.ವಿ.ಯಿಂದ ಬಂದದ್ದಲ್ಲ. ಪಾರಿಜಾತದ ಆಟದಲ್ಲಿ ದೂತಿ ಒಂದು ಮಾತು ಆಡಿದರೆ ಭಾಗವತ ಅದಕ್ಕೊಂದು ಕೊಂಕು ಸೇರಿಸಿ ತಿರುಗಿ ಎಸೆಯುತ್ತಾನೆ. ಬೆಳಗಿನ ಜಾವದವರೆಗೆ ಜನರನ್ನು ಎಚ್ಚರವಿಡುವುದು ಆ ಕೊಡು–ಕೊಳೆ. ಕಂಪನಿ ನಾಟಕಗಳಲ್ಲೂ ಗಂಭೀರ ಕಥೆಯ ಮಗ್ಗುಲಿಗೆ ಒಂದು ಹಾಸ್ಯದ ಜೋಡಿ ಇರಲೇಬೇಕಿತ್ತು. ಜಾತ್ರೆಯ ಕ್ಯಾಂಪಿನಲ್ಲಿ ಟಿಕೆಟ್ಟು ಓಡುವುದು ಆ ಜೋಡಿಯ ಮೇಲೆ ಎಂಬುದು ಮಾಲೀಕರಿಗೆ ಚೆನ್ನಾಗಿ ಗೊತ್ತಿತ್ತು. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಬಾಳಪ್ಪನವರು ಹುಡುಗನಾಗಿದ್ದಾಗ ಹೆಣ್ಣುಪಾತ್ರ ಮಾಡಿ, ಬೆಳೆದು ಕಲಾವೈಭವ ನಾಟ್ಯ ಸಂಘದ ಒಡೆಯರಾಗಿ, ಬಸವಣ್ಣನ ಪಾತ್ರದಿಂದ ನಾಡಿಗೆಲ್ಲ ಹೆಸರಾದರು. 2017ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ನೂರು ದಾಟಿತ್ತು. ಆ ರಂಗದ ಮೇಲೆ ಅವರ ಎದುರು ನಿಂತು ಮಾತಿಗೆ ಮಾತು ಕೊಟ್ಟ ನಟಿ ಲಕ್ಷ್ಮೀಬಾಯಿ, ಅವರ ಬಾಳಸಂಗಾತಿ. ಏಣಗಿ ಬಾಳಪ್ಪ ಎಂದ ಕೂಡಲೇ ಲಕ್ಷ್ಮೀಬಾಯಿ ಏಣಗಿ ಎಂದೂ ಹೇಳುವುದು ನ್ಯಾಯ.

ನಮ್ಮ ಕಾಲಕ್ಕೆ ಹತ್ತಿರ ಬಂದರೆ ಯಶವಂತ ಸರದೇಶಪಾಂಡೆ. ವಿಜಯಪುರ ಜಿಲ್ಲೆಯ ಉಕ್ಕಲಿಯವರಾದರೂ ಹುಬ್ಬಳ್ಳಿಯ ಮಾತನ್ನು ‘ಆಲ್ ದಿ ಬೆಸ್ಟ್’ ನಾಟಕದ ಮೂಲಕ ಬೆಂಗಳೂರಿನವರ ಬಾಯಲ್ಲೂ ಕುಣಿಸಿದರು. ಅವರ ಪತ್ನಿ ಮಾಲತಿ ಸರದೇಶಪಾಂಡೆ ರಂಗಭೂಮಿ, ಕಿರುತೆರೆ ಎರಡರಲ್ಲೂ ನುರಿತ ನಟಿ. ಯಶವಂತ 2025ರ ಸೆಪ್ಟೆಂಬರ್ ಕೊನೆಗೆ ಹಠಾತ್ತನೆ ಹೋದರು. ಎರಡೇ ವಾರದಲ್ಲಿ ‘ಕಲಿಯುಗದ ಕುಡುಕ’ದ ರಾಜು ತಾಳಿಕೋಟೆ ಅವರೂ ಹೋದರು. ಉತ್ತರ ಕರ್ನಾಟಕದ ನಗೆಗೆ ಆ ಹದಿನೈದು ದಿನ ಬಹಳ ಕೆಟ್ಟವು.

ಎರಡು ಸಾವಿರದ ಈಚೆಯ ಈಟಿವಿ ಕಾಲವನ್ನು ಮರೆಯುವ ಹಾಗಿಲ್ಲ. ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’ದಲ್ಲಿ ಚಿದಾನಂದ್ ಮತ್ತು ಶಾಲಿನಿ, ವಿಜಯಪ್ರಸಾದ್ ನಿರ್ದೇಶಿಸಿದ ‘ಸಿಲ್ಲಿ ಲಲ್ಲಿ’ಯಲ್ಲಿ ಡಾಕ್ಟರ್ ವಿಠ್ಠಲರಾವ್ ಆಗಿ ರವಿಶಂಕರ್ ಗೌಡ, ಲಲಿತಾಂಬ ಆಗಿ ಮಂಜುಭಾಷಿಣಿ. ರವಿಶಂಕರ್ ಅವರಿಗೂ ಧಾರಾವಾಹಿಯ ಹೆಸರೇ ಮುಂದೆ ಸೇರಿತು. ಹೆಂಡತಿಗೆ ಹೆದರಿ ನಡುಗುವ ಪಾಂಡುವಿನ ಮುಖ ನೋಡಿ ಜನ ನಕ್ಕರು. ಆದರೆ ಆ ನಡುಕ ನಂಬುವಂತಾದದ್ದು ಎದುರು ನಿಂತ ಶಾಲಿನಿಯವರ ಗಂಟಲಿನ ಜೋರಿನಿಂದ. ಒಬ್ಬರು ಚೆಂಡು ಎಸೆಯದೆ ಇನ್ನೊಬ್ಬರು ಸಿಕ್ಸರ್ ಹೊಡೆಯುವುದು ಹೇಗೆ? ಹಾಸ್ಯದಲ್ಲಿ ಚೆಂಡು ಎಸೆದವರ ಹೆಸರು ಬೇಗ ಮರೆತುಹೋಗುತ್ತದೆ.

ಈ ಮರೆವು ಎಲ್ಲ ಕಡೆಯೂ ಇದೆ. ಅಮೆರಿಕದಲ್ಲಿ 1951ರಿಂದ 1957ರವರೆಗೆ ನಡೆದ ‘ಐ ಲವ್ ಲೂಸಿ’ ಇಂಥ ಧಾರಾವಾಹಿಗಳಿಗೆಲ್ಲ ದೊಡ್ಡಣ್ಣ. ಪ್ರೇಕ್ಷಕರನ್ನು ಎದುರಿಗೇ ಕೂರಿಸಿ, ಮೂರು ಕ್ಯಾಮೆರಾ ಒಟ್ಟಿಗೆ ಓಡಿಸಿ ಫಿಲ್ಮಿನಲ್ಲಿ ಚಿತ್ರಿಸುವ ಪದ್ಧತಿ ನೆಲೆಯೂರಿದ್ದು ಅಲ್ಲಿ. ಲೂಸಿಲ್ ಬಾಲ್, ದೇಸಿ ಅರ್ನಾಜ್ ಮುಖ್ಯ ಜೋಡಿ. ವಿವಿಯನ್ ವ್ಯಾನ್ಸ್, ವಿಲಿಯಂ ಫ್ರಾಲಿ ನೆರೆಮನೆಯ ಮುದಿ ಜೋಡಿ. ಫ್ರಾಲಿ ಆಕೆಗಿಂತ ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿರಿಯರು. ಸೆಟ್ಟಿನ ಹೊರಗೆ ಇಬ್ಬರಿಗೂ ಒಬ್ಬರ ಮುಖ ಒಬ್ಬರಿಗೆ ಆಗುತ್ತಿರಲಿಲ್ಲ. ಆ ನೆರೆಮನೆಯ ಜೋಡಿಯನ್ನೇ ಇಟ್ಟು ಬೇರೆ ಧಾರಾವಾಹಿ ಮಾಡೋಣವೆಂದಾಗ ವಿವಿಯನ್ ಒಪ್ಪಲೇ ಇಲ್ಲ. ಆದರೂ ಕ್ಯಾಮೆರಾ ಓಡತೊಡಗಿದರೆ ದಶಕಗಳ ದಾಂಪತ್ಯ ನಡೆಸಿದವರಂತೆ ಕಾಣುತ್ತಿದ್ದರು. ಕಸುಬುದಾರಿಕೆ ಅಂದರೆ ಅದು. ಫ್ರಾಲಿ 1966ರಲ್ಲೇ ತೀರಿಕೊಂಡದ್ದರಿಂದ ನಾಲ್ವರ ಸಹಿಯನ್ನೂ ಕೂಡಿಸಿಟ್ಟವರು ಅದೃಷ್ಟವಂತರು.

ಅಲ್ಲಿಯ ಸಂಗ್ರಹಕಾರರು ಅನುಭವದಿಂದ ಕಲಿತ ಒಂದು ಎಚ್ಚರ ಇಲ್ಲಿಗೂ ಬೇಕು. ಅಭಿಮಾನಿಗಳ ಪತ್ರ ರಾಶಿ ಬಿದ್ದಾಗ ತಾರೆಯರ ಪರವಾಗಿ ಕಾರ್ಯದರ್ಶಿಗಳು ಸಹಿ ಹಾಕಿ ಕಳಿಸುತ್ತಿದ್ದರು, ಫೋಟೋದ ಮೇಲೆ ಸಹಿಯನ್ನು ಅಚ್ಚು ಹಾಕಿಸುತ್ತಿದ್ದರು, ಯಂತ್ರದಿಂದಲೂ ಬರೆಸುತ್ತಿದ್ದರು. ಭೂತಗನ್ನಡಿ ಹಿಡಿದರೆ ಗುಟ್ಟು ಬಯಲಾಗುತ್ತದೆ. ಅಚ್ಚಾದ ಸಹಿಯಲ್ಲಿ ಚುಕ್ಕಿ ಚುಕ್ಕಿ ಕಾಣುತ್ತವೆ. ಯಂತ್ರದ ಸಹಿಯಲ್ಲಿ ಮೊದಲಿಂದ ಕೊನೆಯವರೆಗೆ ಒತ್ತು ಒಂದೇ ಸಮ. ಕೈ ಬರೆದದ್ದರಲ್ಲಿ ಒಂದು ಕಡೆ ಮಸಿ ದಟ್ಟ, ಇನ್ನೊಂದು ಕಡೆ ತೆಳು. ಕೊನೆಯ ಎಳೆತದಲ್ಲಿ ಅವಸರವೂ ತಿಳಿಯುತ್ತದೆ.

ಈ ಊರುಗಳಲ್ಲಿ ಆಟೋಗ್ರಾಫ್ ಪುಸ್ತಕ ಅಂದರೆ ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತಿದ್ದ ಅಂಗೈ ಅಗಲದ ಪುಸ್ತಕ. ಗುಲಾಬಿ, ತಿಳಿಹಸಿರು, ಹಳದಿ, ನೀಲಿ ಹಾಳೆಗಳು. ಏಳನೆಯ ಇಯತ್ತೆ, ಮೆಟ್ರಿಕ್ ಮುಗಿಯುವ ಹೊತ್ತಿಗೆ ಗೆಳೆಯ–ಗೆಳತಿಯರ ಹಾರೈಕೆ, ಮಾಸ್ತರರ ಬುದ್ಧಿಮಾತು ಅದರಲ್ಲಿ ತುಂಬಿಕೊಳ್ಳುತ್ತಿದ್ದವು. ಊರಿಗೆ ನಾಟಕದವರು ಬಂದಾಗ ಅದೇ ಪುಸ್ತಕದ ಉಳಿದ ಹಾಳೆ ಮುಂದೆ ಚಾಚಲಾಗುತ್ತಿತ್ತು. ‘ಸರ, ಒಂದ್ ಸಹಿ ಹಾಕ್ರಿ’ ಎಂದರೆ ಸಾಕು. ಗಾಂಧೀಜಿ 1937ರಲ್ಲಿ ಬೆಳಗಾವಿ ತಾಲ್ಲೂಕಿನ ಹುದಲಿಗೆ ಬಂದಿದ್ದರು. ಅವರು ಹರಿಜನ ನಿಧಿಗಾಗಿ ಸಹಿಗೆ 5 ರೂಪಾಯಿ ತೆಗೆದುಕೊಳ್ಳುತ್ತಿದ್ದದ್ದು ಪ್ರಸಿದ್ಧ. ನಾಟಕದವರು, ಟಿ.ವಿ.ಯವರು ಬಿಟ್ಟಿಯಾಗಿಯೇ, ಅದೂ ಬಣ್ಣ ಒರೆಸಿಕೊಳ್ಳುತ್ತಲೇ ಬರೆದುಕೊಟ್ಟರು.

ಈಗ ಕಿತ್ತೂರು ಉತ್ಸವದಲ್ಲಿ, 1824ರ ಅಕ್ಟೋಬರ್ 23ರ ವಿಜಯದ ನೆನಪಿಗೆ ಪ್ರತಿವರ್ಷ ನಡೆಯುವ ಆ ಮೂರು ದಿನ, ವೇದಿಕೆಗೆ ಬಂದ ಹಾಸ್ಯ ಕಲಾವಿದರ ಸುತ್ತ ಮೊಬೈಲ್‌ಗಳೇ ಮೇಲೇಳುತ್ತವೆ. ಸೆಲ್ಫಿಯಲ್ಲಿ ತಪ್ಪೇನೂ ಇಲ್ಲ. ಆದರೆ ಸೆಲ್ಫಿಗೆ ಅರೆಕ್ಷಣ ಸಾಕು. ಸಹಿ ಕೇಳಿದರೆ ಕಲಾವಿದರು ಪೆನ್ನು ತೆಗೆದುಕೊಳ್ಳುತ್ತಾರೆ, ‘ಹೆಸರೇನವ್ವಾ, ಯಾವ ಊರು?’ ಎಂದು ಕೇಳುತ್ತಾರೆ, ಬೈಲಹೊಂಗಲ ಎಂದರೆ ‘ಹೌದೇನು, ಅಲ್ಲಿ ಆಟ ಮಾಡೇನಿ’ ಅನ್ನುತ್ತಾರೆ. ಆ ಎರಡು ಮಾತು ಫೋಟೋದಲ್ಲಿ ಸಿಗುವುದಿಲ್ಲ. ಮಗ್ಗುಲಲ್ಲಿ ಯಾರೂ ಮಾತಾಡಿಸದೆ ನಿಂತ ಸಹನಟಿಯ ಮುಂದೆಯೂ ಅದೇ ಹಾಳೆ ಚಾಚಿದರೆ ಆಕೆಯ ಮುಖ ಅರಳುವುದನ್ನು ನೋಡಬೇಕು.

ಹಳೆಯ ಪುಸ್ತಕ ಇಟ್ಟುಕೊಂಡವರು ಕೆಲವು ಕೆಲಸ ಬೇಗ ಮಾಡಿಕೊಳ್ಳುವುದು ಒಳ್ಳೆಯದು. ಸ್ಕೆಚ್ ಪೆನ್ನಿನ ಸಹಿ ಬಿಸಿಲಿಗೆ ಬಹುಬೇಗ ಮಾಸುತ್ತದೆ; ಗೋಡೆಗೆ ತೂಗುಹಾಕುವುದಕ್ಕಿಂತ ಕತ್ತಲೆಯ ಪೆಟ್ಟಿಗೆ ಲೇಸು. ಲ್ಯಾಮಿನೇಷನ್ ಬೇಡವೇ ಬೇಡ. ಆ ಬಿಸಿಗೆ, ಅಂಟಿಗೆ ಹಾಳೆ ಮತ್ತೆ ಸರಿಪಡಿಸಲಾಗದ ಹಾಗೆ ಕೆಡುತ್ತದೆ. ಸಹಿಯಿರುವ ಹಾಳೆಯ ಹಿಂಬದಿಗೆ ಮೆತ್ತನೆಯ ಪೆನ್ಸಿಲ್ಲಿನಿಂದ, ಒತ್ತಿ ಬರೆಯದೆ, ಇಸವಿ, ಊರು, ನಾಟಕದ ಅಥವಾ ಧಾರಾವಾಹಿಯ ಹೆಸರು ಬರೆದಿಡಬೇಕು. ಅದರ ಕೆಳಗೆ ಜೊತೆಗೆ ನಟಿಸಿದವರ ಹೆಸರು. ಮನೆಯ ಹಿರಿಯರಿಗೆ ಇನ್ನೂ ನೆನಪಿರುವಾಗಲೇ ಕೇಳಿ ಬರೆದುಕೊಂಡರೆ ಆಯಿತು. ಬದುಕಿರುವ ಎರಡನೆಯವರಿಗೆ ಒಂದು ಪತ್ರ, ಮರುಟಪಾಲಿಗೆ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆ, ಒಂದು ಖಾಲಿ ಹಾಳೆ ಕಳಿಸಬಹುದು.